ಎರಡು ಚಿಪ್ಪಿನ ಗ್ರಾಫಿಕ್ಸ್ ಕಾರ್ಡು: ವರ್ಷಗಟ್ಲೆ ಉಜ್ಜಿದ ಮೇಲೆ

ಗೇಮ್ ಆಡುವಾಗ ಪರದೆ ಮೂಲೇಲಿ ಎಫ್‌ಪಿಎಸ್ ಕೌಂಟರ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದ್ರೆ ಎಷ್ಟು ಚಿತ್ರ ಬರ್ತಿದೆ ಅನ್ನೋ ಲೆಕ್ಕ) 60 ಅಂತ ತೋರಿಸ್ತಾ ಕೂತಿರುತ್ತೆ, ಕಣ್ಣು ಮಾತ್ರ ಇಲ್ಲ ಗುರು ಇದು 40 ಅಂತಿರುತ್ತೆ. ಗೇಮಿನ ಚಿತ್ರ ಬಿಡಿಸೋ ಚಿಪ್ಪು ಒಂದರ ಬದಲು ಎರಡಿರೋ ಗ್ರಾಫಿಕ್ಸ್ ಕಾರ್ಡಲ್ಲಿ ನನ್ನ ತಲೆ ತಿಂದಿದ್ದು ಇದೊಂದೇ ವಿಷ್ಯ. ಬಿಸಿ, ಸೌಂಡು, ಕರೆಂಟ್ ಬಿಲ್ಲು ಎಲ್ಲಾನೂ ಹೊಟ್ಟೆಗೆ ಹಾಕ್ಕೊಂಡಿದ್ದೆ, ಇದನ್ನ ಮಾತ್ರ ಆಗ್ಲಿಲ್ಲ.

ಈಗಲೂ ಸೆಕೆಂಡ್ ಹ್ಯಾಂಡಲ್ಲಿ ಇಂಥ ಕಾರ್ಡು ಕಮ್ಮಿ ರೇಟಿಗೆ ಕಾಣ್ಸುತ್ತೆ, ಒಂದೇ ಬೋರ್ಡಲ್ಲಿ ಎರಡು ಚಿಪ್ ಇದೆ, ಡಬಲ್ ಪವರ್ ಅಲ್ವಾ ಅಂತ ಹುಡುಗ್ರು ಕೇಳ್ತಾರೆ, ಅದಕ್ಕೇ ಇಷ್ಟು ಉದ್ದ ಬರೀತಿರೋದು. ನನ್ನ ಕಾರ್ಡು ಯಾವ ಕಂಪನೀದು ಅಂತ ಹೇಳಲ್ಲ, ಹೇಳಿದ್ರೆ ಕೆಂಪು ಪಾರ್ಟಿ (ಎಎಂಡಿ) ಹಸಿರು ಪಾರ್ಟಿ (ಎನ್‌ವಿಡಿಯಾ) ಜಗಳ ಶುರುವಾಗುತ್ತೆ, ಎರಡೂ ಕಡೇದೂ ಇದೇ ಕತೆ. ಹೊಸದ್ರಲ್ಲಿ ಇವೇನು ಸಾಮಾನ್ಯದವಲ್ಲ, 2012ರ ಎನ್‌ವಿಡಿಯಾ ಜಿಟಿಎಕ್ಸ್ 690 ಆಗ್ಲಿ 2013ರ ಎಎಂಡಿ ರೇಡಿಯಾನ್ ಎಚ್‌ಡಿ 7990 ಆಗ್ಲಿ 999 ಡಾಲರ್ ಮಾಲು. ನನಗೆ ಸಿಕ್ಕಿದ್ದು ಅವು ಹಳೇದಾದ್ಮೇಲೆ, 14 ಸಾವಿರಕ್ಕೆ. ಆಗ ಹೊಸದಾಗಿ ಬಂದಿದ್ದ ಒಂದೇ ಚಿಪ್ಪಿನ ಜಿಟಿಎಕ್ಸ್ 1070 ನನ್ನ ಸಂಬಳಕ್ಕೆ ಎಟುಕ್ತಿರಲಿಲ್ಲ, ಇದು ಎಟುಕ್ತು, ಅಷ್ಟೇ ಲೆಕ್ಕ.

ಈಗ ಆ 60ರ ಕತೆ. ಎರಡು ಚಿಪ್ಪೂ ಸೇರ್ಕೊಂಡು ಒಂದು ಚಿತ್ರ ಬಿಡಿಸುತ್ತೆ ಅಂದ್ಕೋಬೇಡಿ, ಹಂಗಲ್ಲ. ಒಂದನೇ ಫ್ರೇಮ್ ಮೊದಲ್ನೇ ಚಿಪ್ಪಿಗೆ, ಎರಡನೇದು ಎರಡನೇ ಚಿಪ್ಪಿಗೆ, ಮೂರನೇದು ಮತ್ತೆ ಮೊದಲ್ನೇದಕ್ಕೆ, ಹಿಂಗೆ ಸರದಿ ಹಾಕ್ಕೊಂಡು ಮಾಡ್ತವೆ. ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಒಂದೊಂದು ಫ್ರೇಮೂ ಸುಮಾರು 16.7 ಮಿಲಿಸೆಕೆಂಡಿಗೆ ಬರ್ಬೇಕು. ಆದ್ರೆ ಒಂದು 8ಕ್ಕೆ ಬಂತು ಇನ್ನೊಂದು 25ಕ್ಕೆ ಬಂತು ಅನ್ಕೊಳಿ, ಎರಡೂ ಕೂಡಿದ್ರೆ 33 ಆಯ್ತು, ಕೌಂಟರ್ ಪ್ರಕಾರ ಪಕ್ಕಾ 60, ಆದ್ರೆ ಕಣ್ಣು ಹಿಡ್ಕೊಳೋದು ಆ 25ರ ಗ್ಯಾಪನ್ನ, ಅಂದ್ರೆ 40 ಫ್ರೇಮಿನ ಆಟ. ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅಂತಾರಲ್ಲ, ಅದೇ. ಮೈಕ್ರೋ ಸ್ಟಟರ್ ಅಂತ ಹೆಸರು ಇದಕ್ಕೆ. 2013ರಲ್ಲಿ ಪರದೆಗೆ ನಿಜಕ್ಕೂ ಬರೋ ಫ್ರೇಮನ್ನೇ ಅಳೆಯೋ ಎಫ್‌ಕ್ಯಾಟ್ ಅನ್ನೋ ಟೂಲ್ ಬಂದ್ಮೇಲೆ ರಿವ್ಯೂ ಮಾಡೋರಿಗೆ ಇದನ್ನ ಗ್ರಾಫಲ್ಲಿ ತೋರಿಸೋಕೆ ಆಯ್ತು, ಅದೇ ವರ್ಷ ಆಗಸ್ಟಲ್ಲಿ ಎಎಂಡಿಯೋರು ಫ್ರೇಮ್ ಪೇಸಿಂಗ್ ಅಂತ ಡ್ರೈವರಲ್ಲೇ (ಕಾರ್ಡನ್ನ ನಡೆಸೋ ಸಾಫ್ಟ್‌ವೇರಲ್ಲೇ) ಸರಿ ಮಾಡೋಕೆ ಹೊರಟ್ರು. ಕಮ್ಮಿ ಆಯ್ತು, ಹೋಗ್ಲಿಲ್ಲ.

ಈ ಹಳೇ ಕಾರ್ಡನ್ನ ಈಗಿನ ಒಂದೇ ಚಿಪ್ಪಿನ ಹೊಸ ಕಾರ್ಡಿಗೆ ಹೋಲಿಸಿ ಬೈತಿದ್ದೀಯ, ಅದು ನ್ಯಾಯ ಅಲ್ಲ ಅಂತ ಯಾರಾದ್ರೂ ಅನ್ನೋಕ್ ಮುಂಚೆ ಹೇಳ್ಬಿಡ್ತೀನಿ, ನಾನು ಅದೇ ಕಾರ್ಡಲ್ಲಿ ಡ್ರೈವರ್ ಸೆಟ್ಟಿಂಗಿಗೆ ಹೋಗಿ ಒಂದು ಚಿಪ್ ಆಫ್ ಮಾಡಿ ಆಡಿದ್ದೀನಿ. ಅದೇ ಗೇಮು, ಅದೇ ಜಾಗ, ಅದೇ ಮಳೆ ಬೀಳೋ ಸೀನು. ಎರಡೂ ಆನ್ ಇದ್ದಾಗ 55 ಆಸುಪಾಸು, ಒಂದೇ ಇದ್ದಾಗ 35-38. ನಂಬರಲ್ಲಿ ಭೂಮಿ ಆಕಾಶ ವ್ಯತ್ಯಾಸ, ಕೈಗೆ ಮಾತ್ರ ಒಂದೇ ಚಿಪ್ಪಿಂದೇ ಹಗುರ ಅನ್ನಿಸ್ತು. ಯಾಕಂದ್ರೆ ಎರಡು ಚಿಪ್ಪಿಗೂ ಕೆಲ್ಸ ಕೊಡ್ಬೇಕು ಅಂದ್ರೆ ಮುಂದಿನ ಫ್ರೇಮ್ ಮೊದ್ಲೇ ಕ್ಯೂನಲ್ಲಿ ನಿಂತಿರ್ಬೇಕು, ಮೌಸ್ ತಿರುಗಿಸಿದ್ದು ಪರದೆ ಮೇಲೆ ಕಾಣೋದು ಅಷ್ಟು ತಡ. ಶೂಟಿಂಗ್ ಗೇಮ್ ಆಡೋರಿಗೆ ಗೊತ್ತಾಗುತ್ತೆ ಇದು.

ಮೆಮರಿ ವಿಷ್ಯಾನೂ ಇಲ್ಲೇ ಹೇಳ್ಬಿಡ್ತೀನಿ. ಡಬ್ಬದ ಮೇಲೆ ಎಷ್ಟು ಬರೆದಿದ್ಯೋ ಅದನ್ನ ಅರ್ಧ ಮಾಡ್ಕೊಂಡು ಓದಿ. 690ಲಿ 4 ಜಿಬಿ ಅಂದ್ರೆ ಕೆಲ್ಸಕ್ಕೆ ಬರೋದು 2, 7990ಲಿ 6 ಅಂದ್ರೆ 3, ಯಾಕಂದ್ರೆ ಒಂದೇ ಟೆಕ್ಸ್ಚರನ್ನ (ಗೇಮಲ್ಲಿ ಗೋಡೆ, ನೆಲದ ಮೇಲೆ ಅಂಟಿಸೋ ಚಿತ್ರಾನ) ಎರಡು ಚಿಪ್ಪೂ ತಂತಮ್ಮ ಮೆಮರೀಲಿ ಬೇರೆ ಬೇರೆ ಇಟ್ಕೋತವೆ. ಮಾರೋರು ಇದನ್ನ ಬಾಯ್ಬಿಡಲ್ಲ.

ಆ ಕಾರ್ಡ್ ಇದ್ದಾಗ ಸಂಜೆ ನನ್ನ ದಿನಚರಿ ಹೆಂಗಿತ್ತು ಕೇಳಿ. ಮನೆ ಕುವೆಂಪುನಗರದಲ್ಲಿ, ನನ್ನ ರೂಮು ಮಹಡಿ ಮೇಲೆ, ಏಪ್ರಿಲಲ್ಲಿ ಆರ್‌ಸಿಸಿ ರಾತ್ರಿ ಹತ್ತಾದ್ರೂ ಕಾದಿರುತ್ತೆ. ಡ್ಯೂಟಿ ಮುಗಿಸ್ಕೊಂಡು ಬಂದು, ಕಾಫಿ ಲೋಟ ಟೇಬಲ್ ಬಲಗಡೆ (ಎಡಗಡೆ ಪಿಸಿ ಕ್ಯಾಬಿನೆಟ್ಟು, ಆ ಕಡೆ ಇಟ್ರೆ ಆರೋದೇ ಇಲ್ಲ), ಮೊದ್ಲು ಎರಡು ಕಿಟಕಿ ತೆಗೀಬೇಕು, ಆಮೇಲೆ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಓಪನ್ ಮಾಡಿ ಕಾರ್ಡಿನ ಫ್ಯಾನ್ ಕೈಯಾರೆ ಏರಿಸ್ಬೇಕು, ಆಮೇಲೆ ಫ್ರೇಮ್ ಸೆಕೆಂಡಿಗೆ 58ಕ್ಕೆ ಕಟ್ಟಿ ಹಾಕ್ಬೇಕು ಯಾಕಂದ್ರೆ ಹಂಗೆ ಕಟ್ಟಿದ್ರೆ ಆ ಕುಂಟಾಟ ಸ್ವಲ್ಪ ತಗ್ಗುತ್ತೆ, ಆಮೇಲೆ ಈ ಗೇಮಿಗೆ ಎರಡು ಚಿಪ್ಪಾ ಒಂದಾ ಅಂತ ಸೆಟ್ಟಿಂಗ್ ನೋಡ್ಬೇಕು, ಅಷ್ಟೊತ್ತಿಗೆ ಕಾಫಿ ಖಾಲಿ. ಲೋಡ್ ಬಿದ್ದ ತಕ್ಷಣ ಕೆಳಗಿಂದ ಅಮ್ಮ, "ಏನೋ ಅದು, ಟ್ಯಾಂಕಿಗೆ ಮೋಟ್ರು ಆನ್ ಮಾಡಿದ್ಯೇನೋ?" ಬಿಸಿ ಗಾಳಿ ಅರ್ಧ ಹಿಂದೆ ಆಚೆ ಹೋಗುತ್ತೆ, ಇನ್ನರ್ಧ ಕ್ಯಾಬಿನೆಟ್ ಒಳಗೇ ಸುತ್ತುತ್ತೆ, ಹಾರ್ಡ್ ಡಿಸ್ಕು ಪಾಪ. 600 ವಿಎ ಯುಪಿಎಸ್ ಇಟ್ಟಿದ್ದೆ, ಆಡ್ತಿರುವಾಗ ಕರೆಂಟ್ ಹೋಯ್ತು ಅಂದ್ರೆ ಅದು ಕುಯ್ ಅನ್ನೋಕ್ ಮುಂಚೇನೇ ಎಲ್ಲಾ ಆಫ್, ಕಾರ್ಡ್ ಒಂದೇ 300 ವ್ಯಾಟ್ ಎಳೀತಿದ್ರೆ ಅದಾದ್ರೂ ಏನ್ ಮಾಡುತ್ತೆ.

ಬಿಲ್ಲಿನ ಲೆಕ್ಕ ಹೇಳಿದ್ರೆ ನಗ್ತೀರ. ಪೂರ್ತಿ ಪಿಸಿ 450 ವ್ಯಾಟ್, ದಿನಕ್ಕೆ ಮೂರು ಗಂಟೆ, ತಿಂಗಳಿಗೆ 40 ಯೂನಿಟ್. ಅಪ್ಪ ಪ್ರತಿ ತಿಂಗಳು ಕೆಇಬಿ ಬಿಲ್ಲು ಹಿಡ್ಕೊಂಡು ಮೇಲೆ ಬರೋರು. ಆಮೇಲೆ 2023ರಲ್ಲಿ ಗೃಹಜ್ಯೋತಿ ಬಂತಲ್ಲ, ಫ್ರೀ ಎಷ್ಟು ಅಂತ ಲೆಕ್ಕ ಹಾಕಿದ್ದು ಹಿಂದಿನ ವರ್ಷದ ಸರಾಸರಿ ಮೇಲೆ, ಆ ವರ್ಷ ಈ ಕಾರ್ಡು ಕುಡಿದ ಕರೆಂಟಿಂದ ನಮ್ಮನೆ ಸರಾಸರಿ ಪಕ್ಕದ್ಮನೇಗಿಂತ ಜಾಸ್ತಿ, ಹಂಗಾಗಿ ನಮಗೆ ಫ್ರೀ ಯೂನಿಟ್ಟೂ ಜಾಸ್ತಿ. ಅಪ್ಪ ಆವತ್ತಿಂದ ಆ ಕಾರ್ಡನ್ನ ಬೈಯೋದು ನಿಲ್ಲಿಸಿದ್ರು.

ಬೈದಿದ್ದು ಸಾಕು, ಒಳ್ಳೇದೂ ಹೇಳ್ಬೇಕು. ಕೆಲ್ಸ ಮಾಡಿದ ದಿನ ಅದು ಮಾಡ್ತಿದ್ದ ಕೆಲ್ಸ ಇದ್ಯಲ್ಲ, ಜಿಟಿಎ 5 ಹಾಕಿದ್ರೆ ಎರಡು ಚಿಪ್ಪೂ ನೂರಕ್ಕೆ ತೊಂಬತ್ತರ ಮೇಲೆ ಲೋಡು, ಸಂಜೆ ಬಿಸಿಲಲ್ಲಿ ಹೈವೇಲಿ ಬೈಕ್ ಓಡಿಸ್ತಿದ್ರೆ 14 ಸಾವಿರಕ್ಕೆ ಇಷ್ಟಾ ಅನ್ನಿಸೋದು. ಭಾನುವಾರ ಬೆಳಗ್ಗೆ ತಾರಸಿ ಮೇಲೆ ಕೂತು ಪೇಂಟ್ ಬ್ರಷ್ಷಲ್ಲಿ ಅದರ ಧೂಳು ತೆಗೆಯೋದು ನನಗೆ ಗೇಮ್ ಆಡೋದಕ್ಕಿಂತ ಇಷ್ಟ ಆಗ್ಬಿಟ್ಟಿತ್ತು, ಉದ್ದಕ್ಕೆ ಭಾರವಾಗಿ ಕೈ ತುಂಬ ಕೂರುತ್ತೆ, ಮೆಟಲ್ ಕವರ್ರು, ಒಂದು ಕಡೆಯಿಂದ ನೋಡಿದ್ರೆ ಎರಡು ಹೀಟ್‌ಸಿಂಕೂ ಅಕ್ಕಪಕ್ಕ ಕಾಣುತ್ತೆ. ದಸರಾ ಆಯುಧಪೂಜೆ ದಿನ ಸ್ಕೂಟ್ರಿಗೆ, ಅಡುಗೆಮನೆ ಈಳಿಗೆಮಣೆಗೆ ಇಟ್ಟಂಗೆ ಅಮ್ಮ ಇದಕ್ಕೂ ಕುಂಕುಮ ಇಡೋರು, ಕವರ್ ಮೇಲೆ ಇಡಮ್ಮ, ಬೋರ್ಡ್ ಮೇಲೆ ಮಾತ್ರ ಬೇಡ ಅಂತ ಪಕ್ಕದಲ್ಲೇ ನಿಂತು ಕಾಯ್ತಿದ್ದೆ.

ಆದ್ರೆ ಗೇಮುಗಳೇ ಕೈ ಬಿಟ್ಟವು. 2016ರ ಡೂಮ್ ಹಾಕಿದ್ರೆ ಎರಡನೇ ಚಿಪ್ಪು ಸುಮ್ನೆ ಕೂತಿರುತ್ತೆ, ಅದಕ್ಕೆ ಎರಡು ಚಿಪ್ ಸಪೋರ್ಟೇ ಇಲ್ಲ. ಹೊಸ ಗೇಮುಗಳು ಅಂಚು ನುಣುಪು ಮಾಡೋಕೆ ಹಿಂದಿನ ಫ್ರೇಮನ್ನ ತಿರುಗಿ ನೋಡ್ತವೆ, ಆ ಹಿಂದಿನ ಫ್ರೇಮ್ ಇರೋದು ಇನ್ನೊಂದು ಚಿಪ್ಪಿನ ಹತ್ರ, ಅಲ್ಲಿಂದ ತರ್ಸೋಷ್ಟರಲ್ಲಿ ಎರಡು ಚಿಪ್ ಇಟ್ಕೊಂಡಿದ್ದ ಲಾಭ ಖತಂ. ಡೈರೆಕ್ಟ್‌ಎಕ್ಸ್ 12 (ಗೇಮು ಕಾರ್ಡಿನ ಜೊತೆ ಮಾತಾಡೋಕೆ ವಿಂಡೋಸಲ್ಲಿರೋ ಏರ್ಪಾಡು) ಬಂದ್ಮೇಲೆ ಡ್ರೈವರ್ ಮಾಡ್ತಿದ್ದ ಈ ಹಂಚಿಕೆ ಕೆಲ್ಸ ಗೇಮ್ ಬರೆಯೋರ ತಲೆ ಮೇಲೆ ಬಿತ್ತು, ಇಂಥ ಕಾರ್ಡ್ ಇರೋ ನಮ್ಮಂಥ ನಾಲ್ಕು ಜನಕ್ಕೆ ಅಂತ ಯಾರು ಮೈ ಬಗ್ಗಿಸ್ತಾರೆ? 2021 ಜನವರಿಯಿಂದ ಎನ್‌ವಿಡಿಯಾದೋರು ಹೊಸ ಎಸ್‌ಎಲ್‌ಐ ಪ್ರೊಫೈಲ್ (ಯಾವ ಗೇಮಲ್ಲಿ ಎರಡು ಚಿಪ್ಪಿಗೆ ಕೆಲ್ಸ ಹೆಂಗೆ ಹಂಚ್ಬೇಕು ಅನ್ನೋ ಸೆಟ್ಟಿಂಗು) ಕೊಡೋದೇ ನಿಲ್ಲಿಸಿದ್ರು, ಎಎಂಡಿ 2019ರ ಆರ್‌ಎಕ್ಸ್ 5700ಲೇ ಇದೇ ಕೆಲ್ಸದ ತನ್ನ ಕ್ರಾಸ್‌ಫೈರ್ ಬಿಟ್ಟಿತ್ತು.

ಕೊನೆಗೆ ಕಾರ್ಡಲ್ಲಿ ಕ್ರಿಪ್ಟೋ ಮೈನಿಂಗ್ ಮಾಡೋರ ಹುಚ್ಚು ಇಳಿದು ರೇಟು ನೆಲಕ್ಕೆ ಬಂದಾಗ ಆರ್‌ಟಿಎಕ್ಸ್ 3060, 12 ಜಿಬೀದು ತಗೊಂಡೆ, 27 ಸಾವಿರ. ಸ್ಪೀಡ್ ಜಾಸ್ತಿ ಅನ್ನೋದು ಎಲ್ರಿಗೂ ಗೊತ್ತಿರೋದೇ ಬಿಡಿ. ನನಗೆ ಹಿಡಿಸಿದ್ದು ಫ್ರೇಮ್ ಟೈಮ್ ಗೆರೆ (ಒಂದೊಂದು ಫ್ರೇಮೂ ಎಷ್ಟು ಹೊತ್ತು ತಗೊಳ್ತು ಅನ್ನೋ ಗ್ರಾಫು), ಅಡ್ಡಕ್ಕೆ ಸೀದಾ ಹೋಗುತ್ತೆ, 50 ಇದ್ರೂ ನಿಜವಾದ 50. 170 ವ್ಯಾಟಿನ ಕಾರ್ಡು, ಕಿಟಕಿ ಹಾಕ್ಕೊಂಡೇ ಆಡಬಹುದು, ಅದೇ ಯುಪಿಎಸ್ಸಲ್ಲಿ ಸೇವ್ ಮಾಡಿ ಆಫ್ ಮಾಡೋಷ್ಟು ಟೈಮ್ ಸಿಗುತ್ತೆ, ಅಮ್ಮ ಮೋಟ್ರು ಅಂತ ಕೂಗಲ್ಲ. ಸ್ವಲ್ಪ ಬೋರು ಕೂಡ, ಆನ್ ಮಾಡು ಆಡು ಅಷ್ಟೇ, ಮಾಡೋಕೆ ಬೇರೆ ಏನೂ ಇಲ್ಲ.

ಹಂಗಾಗಿ ಹೊಸದಾಗಿ ಪಿಸಿ ಕಟ್ಟೋರು ಬಜೆಟ್ ಎಷ್ಟೇ ಇರ್ಲಿ ಒಂದೇ ಚಿಪ್ಪಿಂದೇ ತಗೊಳಿ, ಆ ದುಡ್ಡಿಗೆ ಸಿಗೋ ಒಂಟಿ ಕಾರ್ಡು ನಂಬರಲ್ಲಿ ಸ್ವಲ್ಪ ಕಮ್ಮಿ ಇದ್ರೂ ಪರವಾಗಿಲ್ಲ. ಎರಡು ಚಿಪ್ಪಿಂದು ಬೇಕೇ ಬೇಕು ಅಂದ್ರೆ ಹಳೇ ಗೇಮ್ ಹುಚ್ಚಿರ್ಬೇಕು, ಒಳ್ಳೇ 700-750 ವ್ಯಾಟ್ ಪವರ್ ಸಪ್ಲೈ ಮನೇಲಿ ಬಿದ್ದಿರ್ಬೇಕು, ಮತ್ತೆ ಮೂರು ಸಾವಿರದ ಮೇಲೆ ಒಂದ್ರೂಪಾಯಿ ಕೊಡ್ಬೇಡಿ, ಆ ಕಾಲದ ಕಾರ್ಡುಗಳಿಗೆ ಹೊಸ ಗೇಮ್ ಡ್ರೈವರ್ ಬರೋದು ಯಾವತ್ತೋ ನಿಂತಿದೆ. ನಂದು ಬೀರು ಮೇಲಿದೆ. ಮಂಡ್ಯದ ಫ್ರೆಂಡ್ ಒಬ್ಬ ಬಂದಾಗೆಲ್ಲ "ಸುಮ್ಕೆ ಕೂತದಲ್ಲ, ನಂಗಾರ ಕೊಡ್ಲಾ" ಅಂತಾನೆ, ಅವನ ಹತ್ರ ಇರೋದು 450 ವ್ಯಾಟಿನ ಲೋಕಲ್ ಪವರ್ ಸಪ್ಲೈ, ಮೊದ್ಲು ಅದನ್ನ ಬದಲಾಯಿಸ್ಕೊಂಡು ಬಾ ಆಮೇಲೆ ರೇಟ್ ಮಾತಾಡೋಣ ಅಂದಿದ್ದೀನಿ.