ಲೆಕ್ಕ ಸರಿ, ಮಾತು ಜಾಸ್ತಿ: ವಿಂಬಲ್ಡನ್‌ಗೆ ಬಳಸಿದ ಭವಿಷ್ಯ ಹೇಳುವ ಆ್ಯಪ್

ಮೊದಲೇ ತೀರ್ಪು ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರು ಅಷ್ಟು ಓದಿಕೊಂಡು ಹೋಗಲಿ. 2025ರ ವಿಂಬಲ್ಡನ್ ಪೂರ್ತಿ ದುಡ್ಡು ಕೊಟ್ಟು ಬಳಸಿದ ಈ ಟೆನಿಸ್ ಆ್ಯಪ್‌ನಲ್ಲಿ ಯಾರು ಗೆಲ್ಲಬಹುದು ಅಂತ ಪಂದ್ಯಕ್ಕೆ ಮುಂಚೆ ಕೊಡುವ ಶೇಕಡಾ ಲೆಕ್ಕ ಚೆನ್ನಾಗಿದೆ. ಅದರ ಕೆಳಗೆ ಬರೆಯುವ ‘ಕಾರಣ’ಗಳು ಬಹುಪಾಲು ಜೊಳ್ಳು. ‘ಖಚಿತ ಆಯ್ಕೆ’ ಎನ್ನುವ ಟ್ಯಾಬ್ ಅಂತೂ ತೆರೆಯಲೇಬೇಡಿ. ಐದಕ್ಕೆ ಮೂರು ಸ್ಟಾರ್. ಹೆಸರು ಹಾಕುತ್ತಿಲ್ಲ. ಇಂಥವು ಬೇಕಾದಷ್ಟಿವೆ, ಹೆಚ್ಚಿನವುಗಳ ಹೊಟ್ಟೆಯೊಳಗಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ಹಾಗಾಗಿ ಯಾವುದನ್ನೇ ಕೊಂಡುಕೊಳ್ಳುವ ಮುಂಚೆ ಏನು ನೋಡಬೇಕು ಅನ್ನುವುದಕ್ಕೆ ಇದು ಉಪಯೋಗಕ್ಕೆ ಬರಬಹುದು.

ನಾನು ವಿಮಾ ಕಂಪನಿಯಲ್ಲಿ ಅಪಾಯದ ಲೆಕ್ಕ ಹಾಕುವ ವಿಭಾಗದವಳು. ಶೇಕಡಾ 70 ಅಂತ ಕಂಡರೆ ‘ಗೆದ್ದೇ ಗೆಲ್ಲುತ್ತಾರೆ’ ಅಂತ ಓದುವ ಅಭ್ಯಾಸ ನನಗಿಲ್ಲ. ಹತ್ತರಲ್ಲಿ ಮೂರು ಸಲ ಸೋಲುತ್ತಾರೆ ಅನ್ನುವುದೇ ಮೊದಲು ಕಣ್ಣಿಗೆ ಬೀಳುತ್ತದೆ. ನನ್ನ ತಮ್ಮನ ಓದು ಬೇರೆ. ಮೊದಲ ಸುತ್ತಿನಲ್ಲೇ ಎರಡನೇ ಶ್ರೇಯಾಂಕದ ಕೊಕೊ ಗಾಫ್ ಸೋತಾಗ ಫೋನ್ ಮಾಡಿದ.

“ಅಕ್ಕಾ, ದುಡ್ಡು ಕೊಟ್ಟು ತಗೊಂಡಿದ್ದೀಯಲ್ಲ ಆ ಆ್ಯಪು, ಗಾಫ್ ಗೆಲ್ತಾಳೆ ಅಂದಿತ್ತಲ್ವಾ?”

“ಗೆಲ್ಲೋ ಸಾಧ್ಯತೆ ಜಾಸ್ತಿ ಅಂದಿತ್ತು ಕಣೋ.”

“ಎರಡೂ ಒಂದೇ ಬಿಡು.”

ಒಂದೇ ಅಲ್ಲ. ಆ ವರ್ಷದ ಮೊದಲ ಸುತ್ತನ್ನೇ ತೆಗೆದುಕೊಳ್ಳಿ. ಪುರುಷರಲ್ಲಿ 13, ಮಹಿಳೆಯರಲ್ಲಿ 10 ಮಂದಿ ಶ್ರೇಯಾಂಕಿತರು ಗಂಟುಮೂಟೆ ಕಟ್ಟಿದರು. ಗಾಫ್, ಪೆಗುಲಾ, ಜ್ವೆರೆವ್, ಮೆಡ್ವೆಡೆವ್ ಎಲ್ಲರೂ ಆ ಸಾಲಿನಲ್ಲೇ. ಇಂಥ ವಾರದಲ್ಲಿ ‘ಎಷ್ಟು ಪಂದ್ಯ ಸರಿಯಾಗಿ ಹೇಳಿತು’ ಅಂತ ಎಣಿಸುತ್ತಾ ಕೂತರೆ ಎಲ್ಲ ಆ್ಯಪ್‌ಗಳೂ ಫೇಲ್. ಕೇಳಬೇಕಾದದ್ದು ಇನ್ನೊಂದು: ಶೇಕಡಾ 70 ಅಂತ ಗುರುತು ಹಾಕಿದವರೆಲ್ಲರನ್ನೂ ಒಟ್ಟು ಸೇರಿಸಿದರೆ ಅವರಲ್ಲಿ ನೂರಕ್ಕೆ ಎಪ್ಪತ್ತು ಜನ ಗೆದ್ದಿದ್ದಾರೆಯೇ?

ಇದಕ್ಕೆ ಉತ್ತರ ಕೊಡುವ ಪುಟ ಈ ಆ್ಯಪ್‌ನಲ್ಲಿದೆ, ಅದು ಇದರ ದೊಡ್ಡ ಗುಣ. ಆದರೆ ಅದನ್ನು ಸೆಟ್ಟಿಂಗ್ಸ್ ಒಳಗೆ, ಭಾಷೆ ಬದಲಿಸುವ ಜಾಗದ ಕೆಳಗೆ ಹೂತಿಟ್ಟಿದ್ದಾರೆ. ಹಳೆಯ ಭವಿಷ್ಯಗಳನ್ನೆಲ್ಲ ಐವತ್ತರ ಗುಂಪು, ಅರವತ್ತರ ಗುಂಪು ಅಂತ ವಿಂಗಡಿಸಿ, ಪಕ್ಕದಲ್ಲಿ ನಿಜವಾಗಿ ಗೆದ್ದವರ ಪ್ರಮಾಣ ಹಾಕಿರುತ್ತಾರೆ. ಅರವತ್ತು, ಎಪ್ಪತ್ತರ ಗುಂಪುಗಳು ತಮ್ಮ ಜಾಗದಲ್ಲೇ ಕೂತಿದ್ದವು. ತೊಂಬತ್ತರ ಗುಂಪು ಮಾತ್ರ ಕೆಳಗೆ ಜಾರಿತ್ತು, ಹುಲ್ಲಿನಂಕಣದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅಂದರೆ ದೊಡ್ಡ ಹೆಸರಿನವರ ಮೇಲೆ ಇದಕ್ಕೆ ಒಂಚೂರು ಮೋಹ ಜಾಸ್ತಿ. ಈ ಜಾರಿಕೆ ಸಣ್ಣದಲ್ಲ. ಇಂಥ ಲೆಕ್ಕಗಳನ್ನು ಅಳೆಯುವವರು ಹೇಳಿದ್ದಕ್ಕೂ ಆದದ್ದಕ್ಕೂ ಇರುವ ಅಂತರದ ವರ್ಗ ತೆಗೆಯುತ್ತಾರೆ. ಗೆಲ್ಲುವ ಸಾಧ್ಯತೆ ಶೇಕಡಾ 60 ಅಂತ ಆ್ಯಪ್ ಹೇಳಿದ ಆಟಗಾರ ಸೋತರೆ ಆ್ಯಪ್‌ಗೆ ದಂಡ 0.36 (0.6 × 0.6), ಶೇಕಡಾ 90 ಅಂತ ಹೇಳಿದ ಆಟಗಾರ ಸೋತರೆ 0.81. ಜಂಬ ಕೊಚ್ಚಿದಷ್ಟೂ ದಂಡ ಏರುತ್ತದೆ. ನಮ್ಮ ಆಫೀಸಿನಲ್ಲೂ ಇದೇ ಪದ್ಧತಿ ಇದ್ದಿದ್ದರೆ ಕೆಲವರ ಬಡ್ತಿ ನಿಂತುಹೋಗುತ್ತಿತ್ತು, ಇರಲಿ.

ಈಗ ಆ ‘ಕಾರಣ’ಗಳ ವಿಚಾರ. ಪ್ರತಿ ಪಂದ್ಯದ ಪುಟದಲ್ಲೂ ಶೇಕಡಾವಾರಿನ ಕೆಳಗೆ ಎಐ ಬರೆದ ನಾಲ್ಕು ಸಾಲು ಇರುತ್ತದೆ. ಗಾಫ್ ಎದುರಾಳಿ ಡಯಾನಾ ಯಾಸ್ಟ್ರೆಂಸ್ಕಾ ಆ ಜೂನ್ ತಿಂಗಳಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಹುಲ್ಲಿನ ಮೇಲೆ ಫೈನಲ್‌ವರೆಗೆ ಹೋಗಿದ್ದಳು. ಗಾಫ್ ಫ್ರೆಂಚ್ ಓಪನ್ ಗೆದ್ದು ನೇರ ಮಣ್ಣಿನಂಕಣದಿಂದ ಬಂದವಳು, ಬರ್ಲಿನ್‌ನಲ್ಲಿ ಮೊದಲ ಪಂದ್ಯವೇ ಸೋತಿದ್ದಳು, ವಿಂಬಲ್ಡನ್‌ನಲ್ಲಿ ಅಲ್ಲಿಯವರೆಗೆ ನಾಲ್ಕನೇ ಸುತ್ತು ದಾಟಿದವಳೂ ಅಲ್ಲ. ಇದೆಲ್ಲ ಲೆಕ್ಕದೊಳಗೆ ಸೇರಿತ್ತು ಅಂತ ಕಾಣುತ್ತದೆ. ಆ್ಯಪ್ ಗಾಫ್ ಕಡೆಗೇ ಇದ್ದರೂ ಎರಡನೇ ಶ್ರೇಯಾಂಕ ನೋಡಿ ನಾವೆಲ್ಲ ಅಂದುಕೊಳ್ಳುವಷ್ಟು ವಾಲಿರಲಿಲ್ಲ. ಅದಕ್ಕೆ ಪೂರ್ತಿ ಮಾರ್ಕ್ಸ್. ಗಾಫ್ 9 ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಬಿಟ್ಟುಕೊಡುವುದು) ಮಾಡಿ 7-6, 6-1ರಲ್ಲಿ ಸೋತಳು.

ಮರುದಿನದಿಂದ ‘ಕಾರಣ’ ಬರೆಯುವ ಎಐಗೆ ಒಂದೇ ಪಾಠ ಬಾಯಿಪಾಠ: ಹಿಂದಿನ ವಾರ ಹುಲ್ಲಿನ ಮೇಲೆ ಚೆನ್ನಾಗಿ ಆಡಿದವರೇ ಗೆಲ್ಲುತ್ತಾರೆ. ಜೆಸ್ಸಿಕಾ ಪೆಗುಲಾ ಕಥೆ ಅದಕ್ಕೆ ನೆನಪಿಲ್ಲ. ಪೆಗುಲಾ ವಿಂಬಲ್ಡನ್ ಶುರುವಾಗುವ ಮುನ್ನಾ ವಾರ ಬಾಡ್ ಹೊಂಬರ್ಗ್‌ನಲ್ಲಿ ಹುಲ್ಲಿನ ಮೇಲೆ ಟ್ರೋಫಿಯನ್ನೇ ಎತ್ತಿದ್ದಳು, ಬಂದು ಮೊದಲ ಸುತ್ತಿನಲ್ಲೇ ಎಲಿಸಬೆಟ್ಟಾ ಕೊಚ್ಯಾರೆಟ್ಟೊ ಕೈಯಲ್ಲಿ 6-2, 6-3. ತಮಾಷೆ ಇನ್ನೂ ಮುಂದಿದೆ. ಬಾಡ್ ಹೊಂಬರ್ಗ್ ಫೈನಲ್‌ನಲ್ಲಿ ಪೆಗುಲಾಗೆ ಸೋತವಳು ಇಗಾ ಶ್ವಾಂಟೆಕ್. ಎರಡು ವಾರ ಕಳೆದ ಮೇಲೆ ವಿಂಬಲ್ಡನ್ ಫೈನಲ್‌ನಲ್ಲಿ ಅಮಂಡಾ ಅನಿಸಿಮೋವಾ ಮೇಲೆ 6-0, 6-0 ಅಂತ ಗೆದ್ದವಳೂ ಅವಳೇ. ಗೆದ್ದವಳು ಬೇಗ ಮನೆಗೆ, ಸೋತವಳು ಕೊನೆಯವರೆಗೆ. ಹಿಂದಿನ ವಾರದ ಆಟಕ್ಕೆ ಬೆಲೆಯೇ ಇಲ್ಲ ಅಂತಲ್ಲ, ಇದೆ. ಎಷ್ಟಿದೆ ಅಂತ ಅಳೆದು ಶೇಕಡಾವಾರಿನಲ್ಲಿ ಸೇರಿಸುವುದು ಲೆಕ್ಕದ ಕೆಲಸ, ಅದು ಆಗಿದೆ. ಅದರ ಮೇಲೆ ಮತ್ತೆ ಭಾಷಣ ಯಾಕೆ? ಗಾಫ್ ಸೋತ ಮೇಲೆ ಆ ಪಂದ್ಯದ ಪುಟದಲ್ಲೇ ‘ನಿರೀಕ್ಷೆಯಂತೆ ಯಾಸ್ಟ್ರೆಂಸ್ಕಾ’ ಎನ್ನುವ ಧಾಟಿಯ ಸಾಲು ಬಂದಿದ್ದನ್ನು ನೋಡಿ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ.

ಹುಲ್ಲಿನಂಕಣದ ಕಷ್ಟವೂ ಸುಮ್ಮನೆ ಅಲ್ಲ, ಆ್ಯಪ್ ಮಾಡಿದವರ ಪರವಾಗಿ ಇಷ್ಟು ಹೇಳಬೇಕು. ಫ್ರೆಂಚ್ ಓಪನ್ ಮುಗಿದು ವಿಂಬಲ್ಡನ್ ಶುರುವಾಗುವುದಕ್ಕೆ ಇರುವುದು ಮೂರು ವಾರ. ಅಷ್ಟರಲ್ಲಿ ಒಬ್ಬ ಆಟಗಾರ ಹುಲ್ಲಿನ ಮೇಲೆ ಆಡುವ ಪಂದ್ಯ ಬೆರಳೆಣಿಕೆಯಷ್ಟು. ಈ ಆ್ಯಪ್‌ನ ಬುನಾದಿ ಚೆಸ್‌ನಿಂದ ಬಂದ ಎಲೊ ರೇಟಿಂಗ್, ಅಂದರೆ ಗೆದ್ದರೆ ಏರುವ, ಸೋತರೆ ಇಳಿಯುವ ಅಂಕ: ಇಬ್ಬರ ನಡುವೆ 100 ಅಂಕ ಅಂತರವಿದ್ದರೆ ಮೇಲಿನವರಿಗೆ ಶೇಕಡಾ 64, 200 ಇದ್ದರೆ 76. ಹುಲ್ಲಿಗೆ ಬೇರೆ ರೇಟಿಂಗ್ ಮಾಡಿ ಅದನ್ನು ಒಟ್ಟು ರೇಟಿಂಗ್ ಜೊತೆ ಬೆರೆಸುತ್ತಾರೆ. ಬೇರೆ ದಾರಿಯೂ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಸರ್ವ್ ಪುಟ. ಅಲ್ಲಿ ಇಬ್ಬರ ಸರ್ವ್ ಮೇಲೆ ಗೆಲ್ಲುವ ಪಾಯಿಂಟ್‌ಗಳ ಪ್ರಮಾಣವನ್ನು ನಾವೇ ಬೆರಳಿನಿಂದ ಎಳೆದು ಬದಲಿಸಬಹುದು, ಕೆಳಗೆ ಪಂದ್ಯದ ಸಾಧ್ಯತೆ ಬದಲಾಗುತ್ತಾ ಹೋಗುತ್ತದೆ. ಸರ್ವ್ ಮಾಡುವಾಗ ನೂರಕ್ಕೆ 60 ಪಾಯಿಂಟ್ ಗೆಲ್ಲುವವನು ತನ್ನ ಗೇಮ್ ಉಳಿಸಿಕೊಳ್ಳುವುದು ಸುಮಾರು 74 ಸಲ. 65ಕ್ಕೆ ಏರಿಸಿದರೆ 83, 70 ಮಾಡಿದರೆ 90. ಐದು ಪಾಯಿಂಟ್ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಬೆರಳ ತುದಿಯಲ್ಲೇ ಕಾಣುತ್ತದೆ. ಇಬ್ಬರನ್ನೂ ತೀರಾ ಮೇಲಕ್ಕೆ ಎಳೆದಿಟ್ಟರೆ ಬ್ರೇಕ್, ಅಂದರೆ ಎದುರಾಳಿಯ ಸರ್ವ್‌ನ ಗೇಮ್ ಕಿತ್ತುಕೊಳ್ಳುವುದೇ ಅಪರೂಪವಾಗುತ್ತದೆ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಹ್ಯು ಮೂರು ದಿನ, 11 ಗಂಟೆ 5 ನಿಮಿಷ ಆಡಿ ಐದನೇ ಸೆಟ್ ಅನ್ನು 70-68ಕ್ಕೆ ಮುಗಿಸಿದ್ದು ಹೇಗೆ ಅಂತ ಆಗ ಅರ್ಥವಾಗುತ್ತದೆ. ಈಗ ಕೊನೆಯ ಸೆಟ್ 6-6 ಆದಮೇಲೆ ಹತ್ತು ಪಾಯಿಂಟ್‌ನ ಟೈಬ್ರೇಕ್ ಬಂದಿರುವುದರಿಂದ ಅಂಥದ್ದು ಮತ್ತೆ ನೋಡಲು ಸಿಗುವುದಿಲ್ಲ. ಮೂರು ಸೆಟ್‌ಗೂ ಐದು ಸೆಟ್‌ಗೂ ಇರುವ ವ್ಯತ್ಯಾಸವನ್ನೂ ಸರಿಯಾಗಿ ಹಿಡಿದಿದ್ದಾರೆ. ಒಂದು ಸೆಟ್ ಗೆಲ್ಲುವ ಸಾಧ್ಯತೆ ಶೇಕಡಾ 60 ಇದ್ದವನಿಗೆ ಮೂರು ಸೆಟ್‌ನ ಪಂದ್ಯದಲ್ಲಿ ಸುಮಾರು 65, ಐದು ಸೆಟ್ ಆಡಿಸಿದರೆ 68. ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಪುರುಷರು ಐದು ಸೆಟ್ ಆಡುವುದರಿಂದ ಅಲ್ಲಿ ಬಲಾಢ್ಯರಿಗೆ ಈ ಚೂರು ಅನುಕೂಲ ಇರುತ್ತದೆ. ಟೆನಿಸ್ ಕಲಿಯುವ ಮಕ್ಕಳಿಗೆ ಈ ಒಂದು ಪುಟ ತೋರಿಸಿದರೂ ಸಾಕು.

ಇನ್ನು ಸಿಟ್ಟು ಬಂದ ಜಾಗ. ನಾಲ್ಕನೇ ಸುತ್ತಿನಲ್ಲಿ ಗ್ರಿಗೊರ್ ದಿಮಿತ್ರೊವ್ ವಿಶ್ವದ ನಂಬರ್ ಒನ್ ಯಾನಿಕ್ ಸಿನ್ನರ್ ಮೇಲೆ 6-3, 7-5 ಅಂತ ಎರಡು ಸೆಟ್ ಮುಂದಿದ್ದ. ಮೂರನೇ ಸೆಟ್ 2-2. ಸರ್ವ್ ಮಾಡಿದವನೇ ಎದೆ ಹಿಡಿದುಕೊಂಡು ಕುಸಿದ. ಎದೆಯ ಸ್ನಾಯುವಿಗೆ ಪೆಟ್ಟು. ಅವನಿಗೆ ಮುಂದೆ ಆಡಲು ಆಗುವುದಿಲ್ಲ ಅಂತ ಟಿವಿ ನೋಡುತ್ತಿದ್ದ ಎಲ್ಲರಿಗೂ ಗೊತ್ತಾಗಿತ್ತು. ಆ್ಯಪ್‌ನ ಲೈವ್ ರೇಖೆ ಮಾತ್ರ ದಿಮಿತ್ರೊವ್ ಕಡೆಗೇ ತಲೆ ಎತ್ತಿ ನಿಂತಿತ್ತು, ಅಂಪೈರ್ ಪಂದ್ಯ ಮುಗಿಯಿತು ಅನ್ನುವ ತನಕ. ರೇಖೆಗೆ ಸ್ಕೋರ್ ಮಾತ್ರ ಕಾಣುತ್ತದೆ, ಮೈ ಕಾಣುವುದಿಲ್ಲ. ಅದನ್ನು ಕ್ಷಮಿಸಬಹುದು.

ಕ್ಷಮಿಸಲಾಗದ್ದು ಪಂದ್ಯಕ್ಕೆ ಮುಂಚಿನದು. ದಿಮಿತ್ರೊವ್ ಅರ್ಧಕ್ಕೆ ಬಿಟ್ಟ ಸತತ ಐದನೇ ಗ್ರ್ಯಾನ್‌ಸ್ಲಾಮ್ ಅದು. 2024ರ ವಿಂಬಲ್ಡನ್, ಅದೇ ವರ್ಷದ ಯುಎಸ್ ಓಪನ್, 2025ರ ಆಸ್ಟ್ರೇಲಿಯನ್, ಫ್ರೆಂಚ್, ಈಗ ಇದು. ನಮ್ಮಲ್ಲಿ ಸಾಲಾಗಿ ನಾಲ್ಕು ಕ್ಲೇಮ್ ಹಾಕಿದ ಪಾಲಿಸಿದಾರ ಐದನೇ ಸಲ ಬಂದರೆ ಕಡತ ತೆಗೆದು ನೋಡದೆ ಸಹಿ ಹಾಕುವವರು ಯಾರಿದ್ದಾರೆ? ಆ್ಯಪ್‌ನ ಸಹಾಯ ಪುಟ ಓದಿದರೆ, ಅರ್ಧಕ್ಕೆ ನಿಂತ ಪಂದ್ಯಗಳನ್ನು ರೇಟಿಂಗ್‌ನಿಂದಲೇ ಕೈಬಿಡುತ್ತೇವೆ ಅಂತ ಬರೆದಿದ್ದಾರೆ. ಆಟದ ಮಟ್ಟ ಅಳೆಯುವುದಕ್ಕೆ ಅದು ನ್ಯಾಯವೇ. ಆದರೆ ಇವನು ಐದು ಸೆಟ್ ಆಡಿ ಮುಗಿಸುವ ಸಾಧ್ಯತೆ ಎಷ್ಟು ಅನ್ನುವುದು ಬೇರೆ ಪ್ರಶ್ನೆ, ಅದಕ್ಕೊಂದು ಸಾಲು, ಒಂದು ಚಿಹ್ನೆ ಕೂಡ ಇಲ್ಲ. ದುಡ್ಡು ತೆಗೆದುಕೊಂಡವರು ಇಷ್ಟು ಮಾಡಬೇಕಿತ್ತು.

ಮುಖಾಮುಖಿ ದಾಖಲೆಗೆ ಕೊಡುವ ಜಾಗವೂ ಅತಿ. ಸಿನ್ನರ್, ಕಾರ್ಲೋಸ್ ಅಲ್ಕರಾಜ್ ನಡುವಿನ ಪುರುಷರ ಫೈನಲ್‌ಗೆ ಮುಂಚೆ ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ 8-4, ಅಲ್ಕರಾಜ್ ಮುಂದೆ, ಕೊನೆಯ ಐದೂ ಅವನದೇ. ನಿಜ. ಆದರೆ ಆ ಹನ್ನೆರಡರಲ್ಲಿ ಹುಲ್ಲಿನ ಮೇಲೆ ಆಡಿದ್ದು ಒಂದೇ ಒಂದು, 2022ರ ವಿಂಬಲ್ಡನ್ ನಾಲ್ಕನೇ ಸುತ್ತು. ಅದನ್ನು ಗೆದ್ದವನು ಸಿನ್ನರ್. ಅದು ಬೇಕಿದ್ದರೆ ಮೂರು ಸಲ ಒತ್ತಿ ಒಳಗೆ ಹೋಗಬೇಕು. ಕೊನೆಯ ಐದರಲ್ಲೂ ಒಂದು, ಐದು ವಾರ ಹಿಂದಿನ ಫ್ರೆಂಚ್ ಓಪನ್ ಫೈನಲ್: ಒಂದು ಗೆದ್ದರೂ ಟ್ರೋಫಿಯೇ ಸಿಗುವಂಥ ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಸಿನ್ನರ್ ಕೈಚೆಲ್ಲಿದ್ದ, ಒಟ್ಟು ಪಾಯಿಂಟ್ ಎಣಿಸಿದರೆ 193-192, ಅದರಲ್ಲಿ 193 ಸೋತವನದು. ಇದನ್ನು ‘ಅಲ್ಕರಾಜ್ ಮೇಲುಗೈ’ ಅಂತ ಒಂದು ಅಂಕಿಯಾಗಿ ಕೂಡಿಸಿದರೆ ಏನು ಉಳಿಯಿತು? ಸಿನ್ನರ್ 4-6, 6-4, 6-4, 6-4 ಅಂತ ಗೆದ್ದ. ಸಮಾಧಾನದ ವಿಷಯವೆಂದರೆ ಒಳಗಿನ ಲೆಕ್ಕ ಈ ದಪ್ಪ ಅಕ್ಷರಕ್ಕೆ ಮರುಳಾಗಿರಲಿಲ್ಲ, ಅದು ಇಬ್ಬರನ್ನೂ ಹತ್ತಿರ ಹತ್ತಿರವೇ ಇಟ್ಟಿತ್ತು. ನೆತ್ತಿಯ ಮೇಲಿನದು ಬರೀ ಅಲಂಕಾರ.

ಇನ್ನೊಂದು ದೂರು, ಇದು ಗಂಭೀರವಾದದ್ದು. ಪಂದ್ಯ ಮುಗಿದ ಮಾರನೇ ದಿನ ಅದೇ ಪುಟಕ್ಕೆ ಹೋದರೆ ‘ಪಂದ್ಯಕ್ಕೆ ಮುಂಚಿನ ಸಾಧ್ಯತೆ’ ಅಂತ ತೋರಿಸುವ ಅಂಕಿ ಬೇರೆಯೇ ಇರುತ್ತಿತ್ತು, ಪ್ರತಿ ಸಲವೂ ಗೆದ್ದವರ ಕಡೆಗೆ ಸ್ವಲ್ಪ ಸರಿದು. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ರೇಟಿಂಗ್ ಪರಿಷ್ಕರಣೆಯಾದಾಗ ಪುಟ ತಾನಾಗಿಯೇ ಹೊಸ ರೇಟಿಂಗ್‌ನಿಂದ ಲೆಕ್ಕ ಹಾಕುತ್ತದೆ, ಇದು ಪ್ರದರ್ಶನದ ಸಮಸ್ಯೆ ಮಾತ್ರ ಅಂತ ವಿನಯವಾದ ಉತ್ತರ ಬಂತು. ಪ್ರೀಮಿಯಂ ಕಟ್ಟಿದ ಮೇಲೆ ಪಾಲಿಸಿ ಪತ್ರ ತಿದ್ದಿದರೆ ಅದನ್ನು ಪ್ರದರ್ಶನದ ಸಮಸ್ಯೆ ಅನ್ನುವುದಿಲ್ಲ. ಎರಡನೇ ವಾರಕ್ಕೆ ಸರಿಮಾಡಿದರು, ಸದ್ಯ. ಹಳೆಯ ಲೆಕ್ಕದ ಪುಟಕ್ಕೆ ಮೂಲ ಅಂಕಿಗಳನ್ನೇ ಬಳಸಿದ್ದೇವೆ ಅಂತ ಬರೆದೂ ಕೊಟ್ಟರು. ಆದರೂ ಯಾವುದೇ ಆ್ಯಪ್ ಕೊಂಡರೂ ಮೊದಲ ದಿನ ನಾಲ್ಕಾರು ಪಂದ್ಯದ ಪುಟಗಳ ಚಿತ್ರ ತೆಗೆದಿಟ್ಟುಕೊಳ್ಳಿ.

‘ಖಚಿತ ಆಯ್ಕೆ’ ಟ್ಯಾಬ್ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ತಾವೇ ಶೇಕಡಾ 78 ಅಂತ ಹಾಕಿದ ಪಂದ್ಯಕ್ಕೆ ಇನ್ನೊಂದು ಟ್ಯಾಬ್‌ನಲ್ಲಿ ಖಚಿತ ಅಂತ ಬೆಂಕಿಯ ಚಿತ್ರ ಅಂಟಿಸುವುದು ತಮ್ಮ ಲೆಕ್ಕದವರಿಗೆ ತಾವೇ ಮಾಡುವ ಅವಮಾನ. ಬಾಜಿ ಕಟ್ಟುವವರನ್ನು ಸೆಳೆಯಲು ಮಾಡಿದ್ದು, ಕಣ್ಣಿಗೆ ಕಾಣುತ್ತದೆ. ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ.

ಪಂದ್ಯ ನೋಡುತ್ತಾ ಪಕ್ಕದಲ್ಲಿ ಒಂದು ಅಂಕಿ ಇರಲಿ ಅನ್ನುವಷ್ಟೇ ಆಸೆಯಿದ್ದವರಿಗೆ ವಿಂಬಲ್ಡನ್‌ನ ಅಧಿಕೃತ ಆ್ಯಪ್‌ನಲ್ಲೇ ಐಬಿಎಂ ಮಾಡಿಕೊಟ್ಟ ಗೆಲುವಿನ ಸಾಧ್ಯತೆ ಬರುತ್ತದೆ, ಅಷ್ಟು ಸಾಕು. ಸರ್ವ್ ಪುಟದಲ್ಲಿ ಬೆರಳಾಡಿಸುವ, ಹಳೆಯ ಲೆಕ್ಕ ಕೆದಕುವ ಚಟವಿದ್ದವರು ಇದನ್ನು ಕೊಳ್ಳಬಹುದು. ವಾರ್ಷಿಕ ಚಂದಾ ಬೇಡ, ತಿಂಗಳದ್ದು ತೆಗೆದುಕೊಳ್ಳಿ, ಒಂದು ಗ್ರ್ಯಾನ್‌ಸ್ಲಾಮ್ ಅದರಲ್ಲಿ ಮುಗಿಯುತ್ತದೆ. ಚಂದಾ ತಾನಾಗಿಯೇ ಮುಂದುವರಿಯುವ ಆಯ್ಕೆಗೆ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ, ದುಡ್ಡು ಕಟ್ಟಿದ ದಿನವೇ ಅದನ್ನು ತೆಗೆದುಬಿಡಿ.