ಕೀಪ್ಯಾಡ್ ಫೋನಿನಲ್ಲಿ ಜಿಯೋಕ್ಯಾಶ್ ಕಡತ: ಕೊಡಗಿನ ಮಳೆಯಲ್ಲಿ ಯಾವುದು ಕೈಹಿಡಿಯುತ್ತದೆ?

ಕಕ್ಕಬ್ಬೆಯಿಂದ ತಡಿಯಂಡಮೋಳ್ ಕಡೆಗೆ ಹೊರಟವರಿಗೆ ನಾಲ್ಕುನಾಡು ಅರಮನೆ ದಾಟಿದ ಮೇಲೆ ನೆಟ್‌ವರ್ಕನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ. ಗಾಳಿಬೀಡು, ಮಾಂದಲ್‌ಪಟ್ಟಿ, ಬ್ರಹ್ಮಗಿರಿಯ ಇಳಿಜಾರು, ಎಲ್ಲ ಕಡೆಯೂ ಇದೇ ಕಥೆ. ಮಳೆ ಹಿಡಿದರಂತೂ ಟಚ್‌ಸ್ಕ್ರೀನ್ ಫೋನು ಒದ್ದೆ ಬೆರಳಿನ ಮಾತನ್ನೇ ಕೇಳುವುದಿಲ್ಲ; ಗಾಜಿನ ಮೇಲೆ ಬಿದ್ದ ಹನಿಯನ್ನೇ ಬೆರಳೆಂದು ತಿಳಿದು ಬೇರೆ ಪುಟ ತೆರೆಯುತ್ತದೆ. ಕೀಪ್ಯಾಡ್ ಫೋನಿಗೆ ಆ ತೊಂದರೆ ಇಲ್ಲ. ಗುಂಡಿ ಒತ್ತಿದರೆ ಒತ್ತಿದಂತೆಯೇ. ಚಾರ್ಜು ದಿನಗಟ್ಟಲೆ ನಿಲ್ಲುತ್ತದೆ, ಬಂಡೆಯ ಮೇಲೆ ಬಿದ್ದರೂ ಎತ್ತಿಕೊಂಡು ಮುಂದೆ ನಡೆಯಬಹುದು. ಅದಕ್ಕಾಗಿಯೇ ಜಿಯೋಕ್ಯಾಶಿಂಗ್‌ಗೆ, ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು (ಅದೇ ‘ಕ್ಯಾಶ್’) ಜಿಪಿಎಸ್ ನೆರವಿನಿಂದ ಹುಡುಕುವ ಆಟಕ್ಕೆ, ಹೋಗುವಾಗ ಪುಟ್ಟ ಜಾವಾ ಅಪ್ಲಿಕೇಶನ್‌ಗಳನ್ನು ಓಡಿಸಬಲ್ಲ ಹಳೆಯ ಕೀಪ್ಯಾಡ್ ಫೋನೊಂದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಕ್ಯಾಶ್‌ಗಳ ಕಡತವನ್ನು ಓದುವ ಬಗೆಗಳನ್ನು ಒಂದೊಂದಾಗಿ ಬಳಸಿ ನೋಡಿದ್ದೇನೆ. ಅವುಗಳ ನಡುವೆ ನಾನು ಕಂಡ ವ್ಯತ್ಯಾಸ ಚಿಕ್ಕದಲ್ಲ.

ಆಟ ಹೊಸದಾಗಿರುವವರಿಗೆ ಎರಡು ಮಾತು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮೇ 3ರಂದು ಡೇವ್ ಉಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಪ್ರಕಟಿಸಿದರು. ಆಟ ಹುಟ್ಟಿದ್ದು ಅಲ್ಲಿ. ಈಗ ಕ್ಯಾಶ್‌ಗಳ ಮಾಹಿತಿ ಎರಡು ಬಗೆಯ ಕಡತಗಳಲ್ಲಿ ಸಿಗುತ್ತದೆ. ಎಲ್‌ಒಸಿ ಕಡತದಲ್ಲಿ ಹೆಸರು, ಸ್ಥಾನ, ಕೊಂಡಿ ಇಂಥವಷ್ಟೇ ಇರುತ್ತವೆ. ವಿವರಣೆಯಾಗಲಿ ಸುಳಿವಾಗಲಿ ಇರುವುದಿಲ್ಲ. ಜಿಪಿಎಕ್ಸ್ ಕಡತದಲ್ಲಿ ವಿವರಣೆ, ಸುಳಿವು, ಹುಡುಕಿದವರ ಇತ್ತೀಚಿನ ಟಿಪ್ಪಣಿ, 1ರಿಂದ 5ರವರೆಗಿನ ಕಷ್ಟದ ಅಂಕ ಎಲ್ಲವೂ ಇರುತ್ತವೆ. ಜಿಯೋಕ್ಯಾಶಿಂಗ್.ಕಾಮ್ ತಾಣದ ಪ್ರೀಮಿಯಂ (ಹಣ ಕಟ್ಟಿದ) ಸದಸ್ಯರು ಪಾಕೆಟ್ ಕ್ವೆರಿ ಎಂಬ ಸೌಲಭ್ಯದಿಂದ ಒಮ್ಮೆಗೆ 1000 ಕ್ಯಾಶ್‌ಗಳವರೆಗೆ ಇಳಿಸಿಕೊಳ್ಳಬಹುದು. ಬೆಟ್ಟ ಹತ್ತುವವರಿಗೆ ಎಲ್‌ಒಸಿ ಸಾಲದು, ಆದ್ದರಿಂದ ಮುಂದಿನ ಮಾತೆಲ್ಲ ಜಿಪಿಎಕ್ಸ್ ಬಗ್ಗೆ.

ನನ್ನ ಫೋನಿನಲ್ಲಿ ಜಿಪಿಎಸ್ ಇಲ್ಲ. ನಡೆಯಲು ಕೊರಳಿನಲ್ಲಿ ನೇತಾಡುವ ಹಳೆಯ ಜಿಪಿಎಸ್ ರಿಸೀವರ್ ಇದೆ, ಆದರೆ ಅದರಲ್ಲಿ ಉದ್ದ ವಿವರಣೆ ಹಿಡಿಸುವುದಿಲ್ಲ. ಹಾಗಾಗಿ ಫೋನಿನಿಂದ ನನಗೆ ಬೇಕಾದದ್ದು ಓದು.

ಕಡತವನ್ನು ಇದ್ದ ಹಾಗೆಯೇ ತೆರೆಯುವುದರಿಂದ ಆರಂಭಿಸೋಣ. ಫೋನು ಜಿಪಿಎಕ್ಸ್ ಅನ್ನು ಗುರುತಿಸುವುದಿಲ್ಲ. ಹೆಸರಿನ ಕೊನೆಯನ್ನು ಟಿಎಕ್ಸ್‌ಟಿ ಎಂದು ಬದಲಿಸಿದರೆ ತೆರೆಯುತ್ತದೆ. ತೆರೆದರೆ ಕಾಣುವುದು ಎಕ್ಸ್‌ಎಂಎಲ್ ಗುರುತುಗಳ ಕಾಡು. ಆ ಕಾಡಿನ ನಡುವೆ ವಿವರಣೆಯ ಸಾಲು ಹುಡುಕುವಷ್ಟರಲ್ಲಿ ಹೆಬ್ಬೆರಳು ಸೋಲುತ್ತದೆ. ಇನ್ನೂ ದೊಡ್ಡ ಅಪಾಯ ಬೇರೆಯೇ ಇದೆ. ಜಿಪಿಎಕ್ಸ್‌ನಲ್ಲಿ ಸ್ಥಾನ ದಶಮಾಂಶ ಡಿಗ್ರಿಯಲ್ಲಿರುತ್ತದೆ, ಕ್ಯಾಶಿಂಗ್ ಮಾಡುವವರ ರೂಢಿ ಡಿಗ್ರಿ ಮತ್ತು ದಶಮಾಂಶ ಮಿನಿಟು. ಮಡಿಕೇರಿಯ ಅಕ್ಷಾಂಶ ಸುಮಾರು 12.42 ಡಿಗ್ರಿ, ಅಂದರೆ 12 ಡಿಗ್ರಿ 25.2 ಮಿನಿಟು. ಅವಸರದಲ್ಲಿ ಅದನ್ನು 12 ಡಿಗ್ರಿ 42 ಮಿನಿಟು ಎಂದು ರಿಸೀವರ್‌ಗೆ ತುಂಬಿದರೆ ಗುರಿ ಉತ್ತರಕ್ಕೆ ಸುಮಾರು 31 ಕಿಲೋಮೀಟರ್ ಸರಿದುಹೋಗುತ್ತದೆ. ಬೇರೆ ಯಾವ ದಾರಿಯೂ ಇಲ್ಲದಿದ್ದರೆ ಮಾತ್ರ ಇದು.

ಎರಡನೆಯದು ಟ್ರೆಕ್‌ಬಡ್ಡಿ ಎಂಬ ಜಾವಾ ಅಪ್ಲಿಕೇಶನ್. ಇದನ್ನು ಬರೆದವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಬೆರಳೆಣಿಕೆಯ ಗುಂಡಿಗಳಿರುವ ಫೋನನ್ನು ಇದು ನಕ್ಷೆ ತೋರಿಸುವ ಉಪಕರಣವನ್ನಾಗಿ ಮಾಡುತ್ತದೆ. ಮೆಮೊರಿ ಕಾರ್ಡಿನಲ್ಲಿಟ್ಟ ಜಿಪಿಎಕ್ಸ್ ಕಡತವನ್ನು ನೇರವಾಗಿ ಓದುತ್ತದೆ, ಕ್ಯಾಶ್ ವಿವರಗಳನ್ನೂ ತೆಗೆದು ತೋರಿಸುತ್ತದೆ, ಬ್ಲೂಟೂತ್ ಜಿಪಿಎಸ್ ಜೋಡಿಸಿದರೆ ಗುರಿಯ ದಿಕ್ಕು, ದೂರ ಹೇಳುತ್ತದೆ. ನಕ್ಷೆಯನ್ನು ಮನೆಯ ಕಂಪ್ಯೂಟರಿನಲ್ಲಿ ಮೊಬೈಲ್ ಅಟ್ಲಾಸ್ ಕ್ರಿಯೇಟರ್ ಎಂಬ ತಂತ್ರಾಂಶದಿಂದ ಮೊದಲೇ ಸಿದ್ಧಮಾಡಿ ಕಾರ್ಡಿಗೆ ಹಾಕಿಕೊಳ್ಳಬೇಕು. ಆ ತಂತ್ರಾಂಶದ ಮೊದಲ ಹೆಸರೇ ಟ್ರೆಕ್‌ಬಡ್ಡಿ ಅಟ್ಲಾಸ್ ಕ್ರಿಯೇಟರ್. ಸ್ನೇಹಿತರ ಬ್ಲೂಟೂತ್ ರಿಸೀವರ್ ಜೋಡಿಸಿಕೊಂಡು ಮಾಂದಲ್‌ಪಟ್ಟಿಯ ಬೋಳು ಗುಡ್ಡದ ಮೇಲೆ ನಿಂತಾಗ, ಆ ಪುಟ್ಟ ಪರದೆಯ ಮೇಲೆ ನಾನಿರುವ ಜಾಗವೂ ಮುಂದಿನ ಕ್ಯಾಶ್‌ನ ಗುರುತೂ ಒಟ್ಟಿಗೆ ಕಂಡವು. ಬೇರೆ ಯಾವ ವಿಧಾನವೂ ಆ ನೆಮ್ಮದಿಯನ್ನು ಕೊಟ್ಟಿಲ್ಲ.

ಆದರೂ ಮಳೆಗಾಲದಲ್ಲಿ ಇದನ್ನು ತೆರೆಯುವುದಿಲ್ಲ. ಅಧಿಕೃತ ಸಹಿ ಇಲ್ಲದ ಜಾವಾ ಅಪ್ಲಿಕೇಶನ್ ಕಡತವನ್ನು ಮುಟ್ಟುವಾಗಲೆಲ್ಲ ನನ್ನ ಫೋನು ‘ಅನುಮತಿಸಬೇಕೇ?’ ಎಂದು ಕೇಳುತ್ತದೆ. ನಕ್ಷೆಯ ಒಂದು ತುಂಡು ಬದಲಾದರೂ ಪ್ರಶ್ನೆ, ಪಟ್ಟಿ ತೆರೆದರೂ ಪ್ರಶ್ನೆ. ಇದು ಅಪ್ಲಿಕೇಶನ್ನಿನ ಕೊರತೆಯಲ್ಲ, ಫೋನಿನ ಭದ್ರತಾ ನಿಯಮ. ಕಾಲಿಗೆ ಜಿಗಣೆ ಹತ್ತುತ್ತಿರುವಾಗ ಮಾತ್ರ ಆ ಭೇದ ಮನಸ್ಸಿಗೆ ಬರುವುದಿಲ್ಲ. ಕಡತ ದೊಡ್ಡದಾದರೆ ತೆರೆಯಲು ಬಹಳ ಹೊತ್ತು ಬೇಕು. ದಟ್ಟ ಶೋಲಾ ಕಾಡಿನೊಳಗೆ ಉಪಗ್ರಹ ಸಂಕೇತವೇ ಎಲೆಗಳ ನಡುವೆ ಸಿಕ್ಕಿ ಕ್ಷೀಣಿಸುವುದರಿಂದ ಪರದೆಯಲ್ಲಿ ದಿಕ್ಕು ತೋರುವ ಬಾಣದ ಗುರುತಿಗೂ ಬೆಲೆ ಇಳಿಯುತ್ತದೆ. ಬಾಣ ಹೊಯ್ದಾಡಿದ ಕ್ಷಣದಿಂದ ಬೇಕಾಗುವುದು ವಿವರಣೆಯ ಮಾತು: ಬಂಡೆಯ ಯಾವ ಮಗ್ಗುಲು, ಬೇರಿನ ಕೆಳಗೋ ಮೇಲೋ.

ಮೂರನೆಯದು ಕ್ಯಾಶ್‌ಗಳನ್ನು ಫೋನಿನ ಸಂಪರ್ಕ ಪಟ್ಟಿಗೇ ಸೇರಿಸುವ ದಾರಿ. ಜಿಪಿಎಸ್‌ಬೇಬಲ್ ಎಂಬ ಉಚಿತ ತಂತ್ರಾಂಶ ಜಿಪಿಎಕ್ಸ್ ಅನ್ನು ವಿಕಾರ್ಡ್ ರೂಪಕ್ಕೆ ತಿರುಗಿಸಿಕೊಡುತ್ತದೆ. ಐಪಾಡ್‌ನಲ್ಲಿ ಓದಿಕೊಳ್ಳಲೆಂದು ಬಂದ ರೂಪ ಅದು. ಪ್ರತಿಯೊಂದು ಕ್ಯಾಶ್ ಒಬ್ಬ ವ್ಯಕ್ತಿಯ ಹೆಸರಿನಂತೆ ಪಟ್ಟಿಯಲ್ಲಿ ಕುಳಿತುಕೊಳ್ಳುತ್ತದೆ. ವೇಗದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ: ಹೆಸರಿನ ಮೊದಲ ಅಕ್ಷರ ಒತ್ತಿದರೆ ಸಾಕು, ಅನುಮತಿ ಕೇಳುವ ಗೋಜಿಲ್ಲ, ಹುಡುಕುವ ಸೌಲಭ್ಯ ಫೋನಿನೊಳಗೇ ಇದೆ. ಆದರೆ ನನ್ನ ಫೋನು ಸಂಪರ್ಕದ ಟಿಪ್ಪಣಿಯನ್ನು ಕೆಲವೇ ಸಾಲುಗಳಿಗೆ ಕತ್ತರಿಸಿಬಿಡುತ್ತದೆ. ವಿವರಣೆಯ ಆರಂಭದಲ್ಲಿ ಊರಿನ ಇತಿಹಾಸ ಬರೆದಿದ್ದರೆ ಇತಿಹಾಸ ಮಾತ್ರ ಉಳಿಯುತ್ತದೆ, ಸುಳಿವು ಹೋಗುತ್ತದೆ. ಮನೆಯವರ ಸಂಖ್ಯೆಗಳ ನಡುವೆ ಕ್ಯಾಶ್‌ಗಳ ಸಂಕೇತ ಸಂಖ್ಯೆಗಳು ತುಂಬಿಕೊಳ್ಳುವುದೂ ನನಗೆ ಹಿಡಿಸಲಿಲ್ಲ. ಕಾಡಿನಲ್ಲಿ ಯಾರನ್ನಾದರೂ ತುರ್ತಾಗಿ ಕರೆಯಬೇಕಾದಾಗ ಆ ಪಟ್ಟಿ ತಿಳಿಯಾಗಿರಬೇಕು. ಒಂದು ದಿನಕ್ಕೆ ಬೇಕಾದ ನಾಲ್ಕೈದು ಕ್ಯಾಶ್‌ಗಳಿಗೆ ಇದು ಒಳ್ಳೆಯದು, ಜಿಲ್ಲೆಗೆ ಅಲ್ಲ.

ಒಪೇರಾ ಮಿನಿ ಎಂಬ ಬ್ರೌಸರಿನಲ್ಲಿ ಕ್ಯಾಶ್‌ಗಳ ಪುಟಗಳನ್ನು ಉಳಿಸಿಟ್ಟುಕೊಳ್ಳುವ ದಾರಿಯೂ ಇದೆ. ಮಡಿಕೇರಿ ಪೇಟೆಯಲ್ಲಿ ಸಿಗ್ನಲ್ ಇರುವಾಗ ಒಂದೊಂದೇ ಪುಟ ತೆರೆದು ಉಳಿಸಬೇಕು. ಬೇಸರದ ಕೆಲಸ, ಕೈಯಲ್ಲಿ ಕಡತ ಇದ್ದವರು ಆ ಶ್ರಮ ಪಡಬೇಕಾಗಿಲ್ಲ.

ಇನ್ನು ನಾನು ಮನಸಾರೆ ಒಪ್ಪಿಕೊಂಡ ದಾರಿ: ಅದೇ ಜಿಪಿಎಸ್‌ಬೇಬಲ್‌ನಿಂದ ಕಡತವನ್ನು ಸರಳ ಎಚ್‌ಟಿಎಂಎಲ್ ಪುಟವಾಗಿ, ಅಂದರೆ ಬ್ರೌಸರ್ ತೆರೆಯಬಲ್ಲ ವೆಬ್ ಪುಟವಾಗಿ, ಮಾಡಿಕೊಳ್ಳುವುದು. ಪುಟದ ಮೇಲ್ಭಾಗದಲ್ಲಿ ಎಲ್ಲ ಕ್ಯಾಶ್‌ಗಳ ಹೆಸರು ಕೊಂಡಿಗಳಾಗಿ ಬರುತ್ತವೆ, ಒತ್ತಿದರೆ ಫೋನಿನ ಬ್ರೌಸರ್ ನೇರವಾಗಿ ಆ ಕ್ಯಾಶ್‌ಗೆ ಇಳಿಯುತ್ತದೆ. ಸ್ಥಾನವನ್ನು ಡಿಗ್ರಿ ಮತ್ತು ಮಿನಿಟಿನ ರೂಢಿಯಲ್ಲೇ ಬರೆಯುತ್ತದೆ, ಬೇರೆ ಏನೂ ಹೇಳಿಕೊಡಬೇಕಾಗಿಲ್ಲ. ಮೇಲೆ ಹೇಳಿದ 31 ಕಿಲೋಮೀಟರಿನ ಭಯ ಅಲ್ಲಿಗೆ ಮುಗಿಯಿತು. ಹುಡುಕಿದವರ ಟಿಪ್ಪಣಿಗಳನ್ನು ಬೇಕಿದ್ದರೆ ಸೇರಿಸಬಹುದು. ಸುಳಿವನ್ನು ಗೂಢಲಿಪಿಯಲ್ಲಿಡುವ ಆಯ್ಕೆಯೂ ಇದೆ, ನಾನು ಯಾವಾಗಲೂ ಅದನ್ನು ಹಾಕುತ್ತೇನೆ. ಇಂಗ್ಲಿಷ್ ವರ್ಣಮಾಲೆಯಲ್ಲಿ ಪ್ರತಿ ಅಕ್ಷರವನ್ನು 13 ಸ್ಥಾನ ಸರಿಸುವ ಸರಳ ಲಿಪಿ ಅದು. ಪೆನ್ಸಿಲ್ ಹಿಡಿದು ಬಿಡಿಸಬಹುದು. ಕಣ್ಣು ತಪ್ಪಿ ಸುಳಿವು ಓದಿಬಿಟ್ಟರೆ ಹುಡುಕಾಟದ ಅರ್ಧ ಸಂತೋಷ ಹೋದಂತೆ.

ಇಡೀ ಜಿಲ್ಲೆಯನ್ನು ಒಂದೇ ಪುಟಕ್ಕೆ ತುಂಬಿದರೆ ಫೋನಿನ ಬ್ರೌಸರ್ ಕೈಚೆಲ್ಲುತ್ತದೆ. ಇದಕ್ಕೆ ಜಿಪಿಎಸ್‌ಬೇಬಲ್‌ನಲ್ಲೇ ಪರಿಹಾರವಿದೆ: ಒಂದು ಕೇಂದ್ರಬಿಂದು, ಅದರ ಸುತ್ತಲಿನ ದೂರ ಕೊಟ್ಟರೆ ಆ ವೃತ್ತದೊಳಗಿನ ಕ್ಯಾಶ್‌ಗಳನ್ನಷ್ಟೇ ಉಳಿಸಿ, ಕೇಂದ್ರಕ್ಕೆ ಹತ್ತಿರದಿಂದ ದೂರಕ್ಕೆ ಜೋಡಿಸುತ್ತದೆ. ಮಡಿಕೇರಿ, ಕಕ್ಕಬ್ಬೆ, ಸೋಮವಾರಪೇಟೆ, ವಿರಾಜಪೇಟೆ, ಹೀಗೆ ಒಂದೊಂದು ಊರನ್ನು ಕೇಂದ್ರವಾಗಿಟ್ಟು ಪುಟ್ಟ ಪುಟ್ಟ ಕಡತ ಮಾಡಿಕೊಂಡಿದ್ದೇನೆ. ಬಸ್ಸಿಳಿದ ಕಡೆಯಿಂದಲೇ ಪಟ್ಟಿ ಶುರುವಾಗುವುದು ಎಷ್ಟು ಅನುಕೂಲ ಎಂಬುದು ನಡೆದವರಿಗೆ ಗೊತ್ತು.

ಎಚ್‌ಟಿಎಂಎಲ್ ನನಗೆ ಹಿಡಿಸಲು ಮುಖ್ಯ ಕಾರಣ ಬೇರೆಯೇ. ಆ ಪುಟದಲ್ಲಿ ನನ್ನ ಮಾತನ್ನು ಸೇರಿಸಬಹುದು. ಕೊಡಗಿನಲ್ಲಿ ಎರಡು ಬಿಂದುಗಳ ನಡುವಿನ ನೇರ ಗೆರೆ ಬಹಳ ಸಲ ಯಾರದೋ ಕಾಫಿ ತೋಟವನ್ನು ಹಾದುಹೋಗುತ್ತದೆ. ಯಾವ ಗೇಟಿನಲ್ಲಿ ಕೇಳಿ ಒಳಹೋಗಬೇಕು, ಯಾವ ತೋಟದಲ್ಲಿ ನಾಯಿ ಬಿಟ್ಟಿರುತ್ತಾರೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಪ್ರತಿ ಕ್ಯಾಶ್‌ನ ಕೆಳಗೆ ಬರೆದಿಡುತ್ತೇನೆ. ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟಗಳಲ್ಲಿ ಆನೆ ಓಡಾಡುವುದರಿಂದ ಅಲ್ಲಿನ ಬಿಂದುಗಳಿಗೆ ‘ಸಂಜೆ ನಾಲ್ಕರ ಮೇಲೆ ಬೇಡ’ ಎಂಬ ಸಾಲು ಇದೆ. ದೇವರಕಾಡಿನ ಅಂಚಿನಲ್ಲಿ ಹಾದುಹೋಗುವ ದಾರಿಗಳಿಗೂ ಗುರುತು ಹಾಕಿದ್ದೇನೆ. ಪೀಳಿಗೆಗಳಿಂದ ಊರಿನವರು ಕೊಡಲಿ ತಾಗಿಸದೆ ಕಾಪಾಡಿದ ಕಾಡುಗಳು ಅವು. ಡಬ್ಬಿ ಹುಡುಕುವ ನೆಪದಲ್ಲಿ ಅದರೊಳಗೆ ಕಾಲಿಡಬಾರದು, ಅಲ್ಲಿ ಡಬ್ಬಿ ಇಡುವುದಂತೂ ಸಲ್ಲದು. ಟ್ರೆಕ್‌ಬಡ್ಡಿಯ ಬಾಣ ಈ ಯಾವುದನ್ನೂ ತಿಳಿಸುವುದಿಲ್ಲ.

ಒಂದು ಕೊರತೆ ಮಾತ್ರ ಉಳಿದಿದೆ, ಅದು ಭಾಷೆಯದು. ನನ್ನ ಫೋನು ಕನ್ನಡ ಅಕ್ಷರಗಳನ್ನು ಬರಿಯ ಚೌಕಗಳಾಗಿ ತೋರಿಸುತ್ತದೆ. ಒಪೇರಾ ಮಿನಿ ಭಾರತೀಯ ಲಿಪಿಗಳನ್ನು ಚಿತ್ರರೂಪಕ್ಕೆ ತಿರುಗಿಸಿ ತೋರಿಸಬಲ್ಲದು, ಆದರೆ ಆ ಕೆಲಸ ದೂರದ ಸರ್ವರಿನಲ್ಲಿ ಆಗುವುದರಿಂದ ನೆಟ್‌ವರ್ಕ್ ಇಲ್ಲದ ಕಡೆ ಉಪಯೋಗಕ್ಕೆ ಬಾರದು. ಹಾಗಾಗಿ ಟಿಪ್ಪಣಿಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತೇನೆ. ತೋಟದ ಹೆಸರು, ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಹೆಸರು, ತೊರೆಯ ಹೆಸರು ಹಾಗೆ ಬರೆಯುವಾಗ ನೋವಾಗುತ್ತದೆ. ಈಚಿನ ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಸರಿಯಾಗಿ ಮೂಡುವವು ಇವೆ. ಹೊಸದನ್ನು ಕೊಳ್ಳುವವರು ಅಂಗಡಿಯಲ್ಲೇ ಒಂದು ಕನ್ನಡ ಕಡತವನ್ನು ಕಾರ್ಡಿನಿಂದ ತೆರೆದು ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆಯೇ ಎಂದು ನೋಡಿಕೊಳ್ಳಬೇಕು.

ಈಗ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಆಕಾಶ ತಿಳಿಯಾಗಿರುವಾಗ, ಬಯಲು ಗುಡ್ಡಗಳಿಗೆ ಟ್ರೆಕ್‌ಬಡ್ಡಿ ಬಳಸುತ್ತೇನೆ. ಉಳಿದೆಲ್ಲ ಕಾಲಕ್ಕೂ ಎಚ್‌ಟಿಎಂಎಲ್ ಪುಟಗಳು, ಬ್ರೌಸರ್ ಇಲ್ಲದ ಫೋನಾದರೆ ಅದೇ ತಂತ್ರಾಂಶದಿಂದ ಸಾದಾ ಪಠ್ಯ. ಯಾವುದನ್ನು ಆರಿಸಿಕೊಂಡರೂ ಕಡತ ಇಳಿಸಿದ ತಾರೀಖನ್ನು ಅದರ ಹೆಸರಿನಲ್ಲೇ ಸೇರಿಸಿ. ಆಫ್‌ಲೈನ್ ಕಡತಕ್ಕೆ ಇಳಿಸಿದ ದಿನದ ನಂತರದ ಜಗತ್ತು ತಿಳಿದಿರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡ ಜಾರಿದಾಗ ರಸ್ತೆಗಳೇ ಕಾಣೆಯಾದವು. ಅದಕ್ಕೂ ಹಿಂದಿನ ಕಡತದಲ್ಲಿ ಆ ರಸ್ತೆಗಳು ಹಾಗೆಯೇ ಇರುತ್ತವೆ. ಮಳೆ ನಿಂತ ಮೇಲೆ ಮೊದಲ ಸಲ ಹೊರಡುವ ಮುನ್ನ ಹೊಸ ಕಡತ ಇಳಿಸಿ, ಪ್ರತಿ ಕ್ಯಾಶ್‌ನ ಕೊನೆಯ ಟಿಪ್ಪಣಿಯ ದಿನಾಂಕ ನೋಡಿ, ಮಳೆಗಾಲದ ನಂತರ ಯಾರೂ ಕಂಡಿಲ್ಲದ ಇಳಿಜಾರಿನ ಬಿಂದುಗಳನ್ನು ಪಟ್ಟಿಯಿಂದ ತೆಗೆದಿಡಿ.