ಕಮಾಂಡೋ ಚಾಕು ಅಸಲಿಯೋ ನಕಲಿಯೋ: ಮೂರು ಚಾಕು, ನಾಲ್ಕು ಪರೀಕ್ಷೆ

ಎರಡನೇ ಮಹಾಯುದ್ಧದ ಬ್ರಿಟಿಷ್ ಕಮಾಂಡೋ ಚಾಕುವಿನ ಪೂರ್ತಿ ಹೆಸರು ಫೇರ್‌ಬೇರ್ನ್-ಸೈಕ್ಸ್. ಸಂಗ್ರಹ ಮಾಡುವವರ ಬಾಯಲ್ಲಿ ಬರೀ ಎಫ್‌ಎಸ್. ಹೆಸರು ದೊಡ್ಡದು, ಬೆಲೆ ಜಾಸ್ತಿ, ಆಕಾರ ಸರಳ. ನಕಲು ಮಾಡುವವರಿಗೆ ಇನ್ನೇನು ಬೇಕು? ಇಂಗ್ಲೆಂಡಿನ ಹಳೇ ಆಯುಧಗಳ ಸಂತೆಗೆ ಹೋದರೆ ಅಸಲಿಗಿಂತ ಅನುಮಾನದ ಚಾಕುಗಳೇ ಹೆಚ್ಚು ಕಾಣುತ್ತವೆ.

ಗುರುತಿಸುವ ದಾರಿ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಕೆಲವರಿಗೆ ಮುದ್ರೆಯೇ ವೇದವಾಕ್ಯ. ಕೆಲವರು ಮಾತಿಗೆ ಮುಂಚೆ ಮ್ಯಾಗ್ನೆಟ್ ತೆಗೆಯುತ್ತಾರೆ. ಈಗೀಗ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು ಓಡಾಡುವವರೂ ಇದ್ದಾರೆ. ಯಾವುದು ಎಷ್ಟರ ಮಟ್ಟಿಗೆ ನಂಬಬಹುದು ಅಂತ ನೋಡಲು ಮೂರು ಚಾಕು ಒಂದೇ ಮೇಜಿನ ಮೇಲೆ ಇಟ್ಟುಕೊಂಡೆ. ಒಂದು, ಗೆಳೆಯನ ಮನೆಯ ಎರಡನೇ ಮಾದರಿಯ ಎಫ್‌ಎಸ್. ಅವನ ತಾತ ಯುದ್ಧದಿಂದ ತಂದದ್ದು, ಮನೆಯಿಂದ ಆಚೆ ಹೋಗಿಲ್ಲ. ಎರಡನೆಯದು, ನಕಲಿ ಅಂತ ಗೊತ್ತಿದ್ದೇ ಕಡಿಮೆ ದುಡ್ಡಿಗೆ ಕೊಂಡದ್ದು. ಮೂರನೆಯದು, ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಾರಾಟಕ್ಕೆಂದೇ ಮಾಡಿದ ಮೂರನೇ ಮಾದರಿ. ಈ ಮೂರನೆಯದೇ ಎಲ್ಲಕ್ಕಿಂತ ತಲೆನೋವಿನದು, ಆಮೇಲೆ ಹೇಳುತ್ತೇನೆ.

ಮಾದರಿಗಳ ಬಗ್ಗೆ ಎರಡು ಮಾತು. ಫೇರ್‌ಬೇರ್ನ್, ಸೈಕ್ಸ್ ಇಬ್ಬರೂ ಶಾಂಘೈ ಪೊಲೀಸ್‌ನಲ್ಲಿದ್ದವರು. 1940ರ ನವೆಂಬರ್‌ನಲ್ಲಿ ವಿಲ್ಕಿನ್ಸನ್ ಸೋರ್ಡ್ ಕಂಪನಿಯವರ ಜೊತೆ ಕೂತು ಈ ಚಾಕುವಿನ ರೂಪ ಗೊತ್ತು ಮಾಡಿದರು. 1941ರ ಜನವರಿಯಲ್ಲಿ ಮೊದಲ ಕಂತು ಬಂತು. ಮೊದಲ ಮಾದರಿಯಲ್ಲಿ ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿ ಇಂಗ್ಲಿಷಿನ ಎಸ್ ಥರ ಬಾಗಿರುತ್ತದೆ, ಅಲಗಿನ ಬುಡದಲ್ಲಿ ಚಪ್ಪಟೆ ಜಾಗವಿದ್ದು ಅಲ್ಲಿ ಕಂಪನಿಯ ಹೆಸರು ಕೊರೆದಿರುತ್ತದೆ. ಎರಡನೆಯದರಲ್ಲಿ ಅಡ್ಡಪಟ್ಟಿ ನೇರ, ಆ ಚಪ್ಪಟೆ ಜಾಗ ಇಲ್ಲ. ಈ ಎರಡರ ಹಿಡಿಯೂ ಹಿತ್ತಾಳೆಯದು, ಮೇಲೆ ಸಣ್ಣ ಚೌಕುಳಿ ಗೀರು. ಮೂರನೆಯದರದು ಅಚ್ಚಿನಲ್ಲಿ ಎರಕ ಹೊಯ್ದ ಹಿಡಿ, ಸುತ್ತ ಉಂಗುರ ಉಂಗುರ.

ಮೊದಲು ಮ್ಯಾಗ್ನೆಟ್. ಅಸಲಿಯ ಹಿಡಿಗೆ ಅಂಟಲಿಲ್ಲ, ಸರಿ. ನಕಲಿಯ ಹಿಡಿಗೆ ಟಕ್ ಅಂತ ಅಂಟಿಕೊಂಡಿತು, ಒಳಗೆ ಕಬ್ಬಿಣ. ಪರೀಕ್ಷೆ ಗೆದ್ದಿತು ಅನ್ನಿಸುತ್ತದೆ ಅಲ್ವಾ? ಆದರೆ ಹಿತ್ತಾಳೆಯಲ್ಲೇ ನಕಲು ಮಾಡುವವರಿಗೇನೂ ಕಡಿಮೆ ಇಲ್ಲ, ಅಲ್ಲಿ ಮ್ಯಾಗ್ನೆಟ್ ಸುಮ್ಮನಿರುತ್ತದೆ. ಇನ್ನೊಂದು ತೊಡಕು: ಮೊದಲ ಮಾದರಿಯ ಹಿಡಿಗೆ ನಿಕಲ್ ಲೇಪ ಇರುತ್ತದೆ, ನಿಕಲ್ಲಿಗೂ ಮ್ಯಾಗ್ನೆಟ್ ಸ್ವಲ್ಪ ಹಿಡಿಯುತ್ತದೆ. ಗೊತ್ತಿಲ್ಲದವರು ಅಸಲಿಯನ್ನೇ ಪಕ್ಕಕ್ಕೆ ಇಟ್ಟುಬಿಡಬಹುದು. ಅದಕ್ಕಿಂತ ಕೈಯ ತೂಕವೇ ವಾಸಿ. ಹಿತ್ತಾಳೆ ಹಿಡಿಯ ಚಾಕುವನ್ನು ಬೆರಳ ಮೇಲೆ ಇಟ್ಟರೆ ಭಾರ ಹಿಡಿಯ ಕಡೆಗೇ ಎಳೆಯುತ್ತದೆ. ಮೂರನೇ ಮಾದರಿಯ ಎರಕದ ಹಿಡಿ ಹಗುರ, ಹಾಗಾಗಿ ಮೂತಿ ಮುಂದಕ್ಕೆ ವಾಲುತ್ತದೆ. ಒಂದು ಸಲ ಅಸಲಿಯನ್ನು ಕೈಯಲ್ಲಿ ಹಿಡಿದವರಿಗೆ ಈ ವ್ಯತ್ಯಾಸ ಮರೆಯುವುದಿಲ್ಲ.

ಯುವಿ ಟಾರ್ಚ್ ಚಾಕು ಹಾಕಿಡುವ ಒರೆಗೆ ಮಾತ್ರ. ದಾರಕ್ಕೆ, ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕ ಯುದ್ಧದ ನಂತರವೇ ಎಲ್ಲೆಡೆ ಬಳಕೆಗೆ ಬಂದದ್ದು. ಕತ್ತಲಲ್ಲಿ ಟಾರ್ಚ್ ಬಿಟ್ಟಾಗ ನಕಲಿ ಒರೆಯ ಹೊಲಿಗೆ ನೀಲಿಯಾಗಿ ಫಳಫಳ ಅಂದಿತು. ಗೆಳೆಯನ ಒರೆ ಮಂಕಾಗಿಯೇ ಇತ್ತು. ಹೊಳೆದರೆ ಅನುಮಾನ ಪಡಿ, ಅಷ್ಟೇ. ಹೊಳೆಯದಿದ್ದರೆ ಅಸಲಿ ಅಂತ ಅಲ್ಲ, ಬಿಳುಪು ಮಾಡದ ಹತ್ತಿ ದಾರ ಇವತ್ತೂ ಸಿಗುತ್ತದೆ. ಅಸಲಿ ಒರೆಗೆ ಯಾರೋ ಸೋಪಿನ ಪುಡಿ ಹಾಕಿ ತೊಳೆದಿದ್ದರೂ ಹೊಳೆದೀತು. ಇಷ್ಟಾಗಿ, ಒರೆ ಒಂದು ಚಾಕುವಿನದು, ಚಾಕು ಇನ್ನೊಂದರದು ಆಗಿರುವುದು ಮಾಮೂಲು. ಒರೆ ನೋಡಿ ಚಾಕು ಕೊಳ್ಳಬೇಡಿ.

ಮುದ್ರೆಯ ವಿಷಯಕ್ಕೆ ಬಂದರೆ, ಜನ ಇದಕ್ಕೇ ಹೆಚ್ಚು ದುಡ್ಡು ಕೊಡುತ್ತಾರೆ, ಮೋಸಗಾರರೂ ಇದಕ್ಕೇ ಹೆಚ್ಚು ಬೆವರು ಹರಿಸುತ್ತಾರೆ. ಬ್ರಿಟಿಷ್ ಸರಕಾರಿ ಮಾಲಿಗೆ ಬ್ರಾಡ್ ಆ್ಯರೋ ಅನ್ನುವ ಬಾಣದ ಗುರುತು ಹೊಡೆಯುತ್ತಿದ್ದರು. ನನ್ನ ನಕಲಿಯ ಮೇಲೂ ಬಾಣ ಇದೆ, ನೋಡಲು ಚೆನ್ನಾಗಿಯೇ ಇದೆ. ಗೆಳೆಯನ ಅಸಲಿಯ ಮೇಲೆ ಬಾಣವೇ ಇಲ್ಲ! ಯುದ್ಧಕಾಲದ ಎಷ್ಟೋ ಚಾಕುಗಳಿಗೆ ಯಾವ ಮುದ್ರೆಯೂ ಇರುವುದಿಲ್ಲ. ಇನ್ನು ಶೆಫೀಲ್ಡ್ ಚಾಕು. ಅದೇ ಆಕಾರ, ಕೆಲಸವೂ ಒಳ್ಳೆಯದೇ. ಮಾಡಿದವರು ಮೋಸ ಮಾಡಿಲ್ಲ. ಆಮೇಲೆ ಯಾರದೋ ಕೈ ಸೇರಿ ಅದರ ಅಡ್ಡಪಟ್ಟಿಗೊಂದು ಬಾಣ ಬಿದ್ದಿದೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ನೋಡಿದೆ. ಚಾಕು ಪೂರ್ತಿ ಕಪ್ಪು ಬಣ್ಣದ್ದು, ಆದರೆ ಬಾಣದ ಗೀರಿನ ತಳ ಮಾತ್ರ ಬೆಳ್ಳಗೆ. ಅಂಚಿನಲ್ಲಿ ಎದ್ದ ಲೋಹದ ಮೇಲೆ ಕಪ್ಪು ಬಿರುಕು ಬಿಟ್ಟಿದೆ. ಕಾರ್ಖಾನೆಯಲ್ಲಿ ಮೊದಲು ಮುದ್ರೆ ಹೊಡೆದು ಆಮೇಲೆ ಕಪ್ಪು ಮಾಡಿದ್ದರೆ ಬಣ್ಣ ಗೀರಿನೊಳಗೂ ಇಳಿದಿರಬೇಕಿತ್ತು.

ಹಾಗಂತ ಮುದ್ರೆ ಓದುವುದು ದಂಡ ಅಂತಲ್ಲ. ಅಸಲಿ ಅಂತ ಸಾಬೀತು ಮಾಡಲು ಅದು ಸಾಲದು, ನಕಲಿಯನ್ನು ಹಿಡಿದು ಹಾಕಲು ಬಲು ಚೂಪು. ಇದಕ್ಕೆ ಎಫ್‌ಎಸ್‌ಗಿಂತ ಒಳ್ಳೇ ಉದಾಹರಣೆ ಬಂದೂಕಿನ ತುದಿಗೆ ಸಿಕ್ಕಿಸುವ 1907ರ ಮಾದರಿಯ ಬಯೋನೆಟ್. ಶುರುವಿನಲ್ಲಿ ಇದರ ಅಡ್ಡಪಟ್ಟಿಗೆ ಕೊಕ್ಕೆ ಇತ್ತು, 1913ರಲ್ಲಿ ಬ್ರಿಟಿಷ್ ಸೇನೆ ಅದನ್ನು ಕೈಬಿಟ್ಟಿತು. ಕೊಕ್ಕೆ ಉಳಿದದ್ದು ಅಪರೂಪ, ಬೆಲೆ ಎಷ್ಟೋ ಪಟ್ಟು. ಸರಿ, ಸಾದಾ ಬಯೋನೆಟ್‌ಗೆ ಕೊಕ್ಕೆ ಬೆಸುಗೆ ಹಾಕುತ್ತಾರೆ. ಆದರೆ ಅಲಗಿನ ಬುಡದಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಇಂಗ್ಲೆಂಡಿನ ಕಂಪನಿಯ ಮುದ್ರೆ, 1917ನೇ ಇಸವಿ, ಜೊತೆಗೆ ಕೊಕ್ಕೆ ಕಂಡರೆ ಲೂಪ್ ತೆಗೆಯುವ ಕೆಲಸವೂ ಇಲ್ಲ. ಇದರ ಉಲ್ಟಾ ಕೂಡ ಇದೆ. ಅಲಗು ಹದಿನೇಳು ಇಂಚಿನ ಬದಲು ಹನ್ನೆರಡೇ ಇಂಚು ಇದ್ದರೆ ಹೊಸಬರು ಯಾರೋ ಕತ್ತರಿಸಿದ್ದಾರೆ ಅಂದುಕೊಳ್ಳುತ್ತಾರೆ. ಆರ್‌ಎಫ್‌ಐ ಮುದ್ರೆ ಇದೆಯಾ ನೋಡಿ. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯದು ಅದು, ಭಾರತದ ಸೇನೆಗೆ ಗಿಡ್ಡ ಅಲಗು ಸರಕಾರವೇ ಕೊಟ್ಟದ್ದು.

ನಾನು ಕೊನೆಗೆ ನೆಚ್ಚಿಕೊಂಡದ್ದು ನಾಲ್ಕನೇ ದಾರಿ: ಚಾಕು ಹೇಗೆ ಮಾಡಿದ್ದಾರೆ, ಹೇಗೆ ಸವೆದಿದೆ ಅಂತ ನೋಡುವುದು. ಎಫ್‌ಎಸ್ ಅಲಗಿಗೆ ನಾಲ್ಕು ಮುಖ, ನಡುವೆ ಏಣು. ಆಗ ಅದನ್ನು ಸಾಣೆಚಕ್ರಕ್ಕೆ ಕೈಯಲ್ಲೇ ಹಿಡಿದು ಉಜ್ಜುತ್ತಿದ್ದರು. ಅಸಲಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಏಣು ನಡುವಿನಲ್ಲಿ ಕೂದಲೆಳೆಯಷ್ಟು ಎಡಕ್ಕೆ ಸರಿದು ಮತ್ತೆ ದಾರಿಗೆ ಬರುತ್ತದೆ. ನಾಲ್ಕು ಮುಖಗಳ ಅಗಲ ಒಂದೇ ಸಮ ಇಲ್ಲ. ಆದರೂ ಏಣು ಚೂಪಾಗಿ ಅಡ್ಡಪಟ್ಟಿಯವರೆಗೂ ಹೋಗಿ ಮುಟ್ಟುತ್ತದೆ. ನಕಲಿಯ ಏಣು ಪಾಲಿಶ್ ಚಕ್ರಕ್ಕೆ ಸಿಕ್ಕಿ ಬಾಯಲ್ಲಿಟ್ಟು ಚೀಪಿದ ಪೆಪ್ಪರ್‌ಮೆಂಟಿನ ಹಾಗೆ ನುಣ್ಣಗಾಗಿದೆ. ಬುಡದ ಹತ್ತಿರ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಇನ್ನು ಕೆಲವು ಹೊಸ ನಕಲುಗಳು ಕಂಪ್ಯೂಟರ್ ಯಂತ್ರದಲ್ಲಿ ಕೊರೆದವು, ಅವುಗಳ ಏಣು ಸ್ಕೇಲ್ ಇಟ್ಟು ಎಳೆದಷ್ಟು ನೇರ. ಅದೂ ಅನುಮಾನಕ್ಕೆ ಕಾರಣವೇ.

ಸವೆತದ ಕಥೆ ಇನ್ನೂ ಚೆನ್ನಾಗಿದೆ. ಗೆಳೆಯನ ಚಾಕುವಿನ ಹಿಡಿಯಲ್ಲಿ ಅಂಗೈ ಕೂರುವ ಉಬ್ಬಿನಲ್ಲಿ ಮಾತ್ರ ಚೌಕುಳಿ ಮೊಂಡಾಗಿದೆ. ಅಡ್ಡಪಟ್ಟಿಗೆ ತಾಗಿದ ಸಂದಿಯಲ್ಲಿ ಗೀರು ಇನ್ನೂ ಬೆರಳಿಗೆ ಚುಚ್ಚುತ್ತದೆ, ತಳದಲ್ಲಿ ಹಳೇ ಕೊಳೆ ಕೂತಿದೆ. ನಕಲಿ ಹಿಡಿ ಎಲ್ಲ ಕಡೆಯೂ ಸಮಸಮ ಸವೆದಿದೆ, ಬೆರಳೇ ಹೋಗದ ಸಂದಿಯಲ್ಲೂ! ಡ್ರಮ್ಮಿಗೆ ಹಾಕಿ ಉರುಳಿಸಿದರೆ ಹೀಗೇ ಆಗುವುದು. ಆ್ಯಸಿಡ್‌ನಲ್ಲಿ ಹಳೆಯದು ಮಾಡಿದ ತುಕ್ಕಿನದೂ ಇದೇ ಹಣೆಬರಹ, ಒಂದೇ ಅಳತೆಯ ಚುಕ್ಕೆಗಳು ಎಲ್ಲೆಲ್ಲೂ.

ಸಂತೆಯಲ್ಲಿ ಐದು ನಿಮಿಷ ಸಿಕ್ಕರೆ ನಾನು ಮೊದಲು ಅಲಗು, ಹಿಡಿ ನೋಡುತ್ತೇನೆ. ಅವು ಪಾಸಾದರೆ ಮಾತ್ರ ಲೂಪ್ ಹೊರಗೆ. ಟಾರ್ಚ್ ಕೊನೆಗೆ, ಅದೂ ಒರೆಗೆ ಬೇರೆ ದುಡ್ಡು ಕೇಳಿದರೆ. ಮ್ಯಾಗ್ನೆಟ್ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಆ ಶೆಫೀಲ್ಡ್ ಚಾಕುವನ್ನು ಮಾತ್ರ ಯಾರಿಗೂ ದಾಟಿಸಿಲ್ಲ. ಯುದ್ಧಾನಂತರದ್ದು, ಬಾಣ ಆಮೇಲೆ ಬಿದ್ದದ್ದು ಅಂತ ಚೀಟಿ ಬರೆದು ಹಿಡಿಗೆ ಕಟ್ಟಿ ಇಟ್ಟಿದ್ದೇನೆ.